ಗೋಡೆಗೆ ಆರತಿ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನಿಗೆ ಒಂದು ಗೋಡೆಯ ಬೂಷ್ಟು ಯಾವ ಲೆಕ್ಕ? ಗುಂಡ್ಲುಪೇಟೆಯ ನಮ್ಮ ಮನೆಯ ನೆಲಮಾಳಿಗೆಯಲ್ಲಿ ಹೆಂಡತಿ ಗೌರಮ್ಮನ ಹೊಲಿಗೆ ಮೆಷಿನ್ ಇದೆ. ಮಳೆಗಾಲ ಮುಗಿದರೂ ಅಲ್ಲಿನ ಗೋಡೆ ಒಣಗಲಿಲ್ಲ. ಹಸಿರು, ಕಪ್ಪು ಬೂಷ್ಟು ಹಬ್ಬಿ ಅವಳಿಗೆ ಕೆಮ್ಮು ಹತ್ತಿಕೊಂಡಿತು. "ಗೋಡೆ ಸರಿಹೋಗದಿದ್ದರೆ ಆ ಕೋಣೆಗೆ ಇಳಿಯಲೇಬೇಡಿ" ಎಂದರು ಡಾಕ್ಟರು. ಮೇಲೆ ಮೆಷಿನ್ ಇಡಲು ಜಾಗವಿಲ್ಲ. ಹೊಲಿಗೆಯೆಂದರೆ ಅವಳಿಗೆ ಪ್ರಾಣ.

"ನಾನಿದ್ದೇನಲ್ಲ!" ಎಂದೆ.

ಬೂಷ್ಟು ಕೆರೆದು ಸುಣ್ಣ ಬಳಿದೆ. ಅಷ್ಟಕ್ಕೇ ಬಿಡಬೇಕಿತ್ತು. ಬೂಷ್ಟಿನ ನಿರ್ಮೂಲನೆಗೆಂದು ನಮ್ಮ ಸೀಮೆಯ ಅರಿಶಿನ ಪುಡಿ ತಂದು, ಗೋಡೆಗೆ ಅಂಟಲೆಂದು ಅನ್ನದ ಗಂಜಿಯಲ್ಲಿ ಕಲಸಿ, ಹಸಿ ಸುಣ್ಣದ ಮೇಲೆಯೇ ಬಳಿದೆ. ಗೋಡೆ ರಕ್ತಗೆಂಪಾಯಿತು!

ಗೌರಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. "ಅಲ್ಲಾ ಕಣ್ರೀ, ಅರಿಶಿನಕ್ಕೆ ಸುಣ್ಣ ಬಿದ್ರೆ ಕೆಂಪಾಯ್ತದೆ ಅಂತ ಗೊತ್ತಿಲ್ವಾ? ಗ್ವಾಡೆಗೇ ಆರತಿ ಎತ್ಬುಟ್ರಲ್ಲಾ!"

ಗೊತ್ತಿತ್ತು. ಪ್ರತಿ ವರ್ಷ ಅದೇ ಪ್ರಯೋಗವನ್ನು ಮಕ್ಕಳಿಗೆ ಮಾಡಿ ತೋರಿಸಿದವನು ನಾನೇ!

ವಾರದೊಳಗೆ, ಗಂಜಿ ಉಂಡ ಬೂಷ್ಟು ಮೊದಲಿಗಿಂತ ಪೊಗದಸ್ತಾಗಿ ಎದ್ದಿತು. ಡಾಕ್ಟರ ಮಾತು ಕೇಳದೆ ಹೊಲಿಯಲು ಇಳಿಯುತ್ತಿದ್ದ ಗೌರಮ್ಮನ ಕೆಮ್ಮೂ ಹೆಚ್ಚಿತು. ನನಗೆ ನಿಜಕ್ಕೂ ಭಯವಾಯಿತು. ನಾಚಿಕೆ ಬಿಟ್ಟು, ಪಕ್ಕದ ಬೀದಿಯಲ್ಲಿರುವ ಗಾರೆ ಕೆಲಸದ ಖಾದರ್ ಸಾಬರನ್ನು ಕರೆತಂದೆ.

ಅವರು ಗೋಡೆಗೆ ಅಂಗೈ ಒತ್ತಿ ನೋಡಿ, ನೇರವಾಗಿ ಹೊರಗೆ ಹೋದರು. ಅದೇ ಗೋಡೆಯ ಬುಡದಲ್ಲಿ ನನ್ನ ಬಾಳೆ ಗಿಡಗಳು. ಬಚ್ಚಲ ನೀರು ಪೋಲಾಗದಿರಲೆಂದು ನಾನೇ ಅಲ್ಲಿಗೆ ಪೈಪ್ ತಿರುಗಿಸಿದ್ದೆ.

"ಮೇಷ್ಟ್ರೇ, ಗ್ವಾಡೆದೇನೂ ತಪ್ಪಿಲ್ಲ ಬುಡಿ. ದಿನಾ ನೀವೇ ಅದ್ಕೆ ಸ್ನಾನದ ನೀರು ಕುಡಿಸ್ತಾ ಇದ್ದೀರಿ!"

ಪೈಪನ್ನು ಚರಂಡಿಗೆ ತಿರುಗಿಸಿದರು, ಬಾಳೆಯನ್ನು ಹಿತ್ತಲ ಮೂಲೆಗೆ ಸಾಗಹಾಕಿದರು. ಗೋಡೆ ಪೂರ್ತಿ ಒಣಗಿದ ಮೇಲೆ ಹಳೆ ಗಾರೆ ಉದುರಿಸಿ ಹೊಸದಾಗಿ ಮೆತ್ತಿದರು. ಕೆಂಪು ಗೋಡೆಯ ಸುದ್ದಿಯನ್ನು ಬೀದಿಯಲ್ಲಿ ಒಬ್ಬರಿಗೂ ಹೇಳಲಿಲ್ಲ. ಎರಡಕ್ಕೂ ಸೇರಿಸಿ ಆ ಪುಣ್ಯಾತ್ಮನಿಗೆ ದಿನಾ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಮೊನ್ನೆ ಎದುರುಮನೆಯ ಮಾದಪ್ಪ ಬಂದು, "ಮೇಷ್ಟ್ರೇ, ನಮ್ ಗ್ವಾಡೇಗೂ ಬೂಷ್ಟು ಬಂದದೆ. ನೀವು ಓದಿದೋರು, ಏನ್ ಮಾಡನ ಯೋಳಿ" ಎಂದ. ನಾನು ಗಂಭೀರವಾಗಿ ಕನ್ನಡಕ ಸರಿಮಾಡಿಕೊಂಡು, "ನೋಡಪ್ಪಾ, ಮೊದಲಿಗೆ..." ಎಂದೆ.

ಕೆಳಗೆ ಮೆಷಿನ್ ಸದ್ದು ನಿಂತಿತು. ಗೌರಮ್ಮ ನಕ್ಕಳು. ನಡುವೆ ಒಂದೇ ಒಂದು ಕೆಮ್ಮಿಲ್ಲದೆ, ಬಿದ್ದು ಬಿದ್ದು ನಕ್ಕಳು. ಹಾಗೆ ನಗಲು ಉಸಿರು ಕೊಟ್ಟವರು ಖಾದರ್ ಸಾಬರು. ಕಾರಣ ಒದಗಿಸಿದವನು ಮಾತ್ರ ನಾನೇ!