ಎರಡು ನಟ್ಟಿನ ಜಾಮೀನು

ಇನ್ನೊಬ್ಬರ ಬಾಯಿಂದ 'ಇಲ್ಲ' ಅನ್ನಿಸಿಕೊಳ್ಳುವುದು ನನಗೆ ಮೊದಲಿನಿಂದಲೂ ಒಗ್ಗದ ಸಂಗತಿ. ನಾಲ್ಕನೇ ಕ್ಲಾಸಿನಲ್ಲಿ ಮಾಸ್ತರರು 'ನಿನಗೆ ಪಾಸ್ ಇಲ್ಲ' ಅಂದರು. ಮರುದಿನದಿಂದ ನಾನು ಸಾಲೆಯ ಕಡೆ ತಲೆ ಹಾಕಲಿಲ್ಲ. ಮಾಸ್ತರರು ನನ್ನನ್ನು ಫೇಲು ಮಾಡಿದರು ಅಂತ ಊರಿನವರು ಹೇಳುತ್ತಾರೆ. ಸಾಲೆಯನ್ನೇ ಫೇಲು ಮಾಡಿ ಬಂದೆ ಅಂತ ನಾನು ಹೇಳುತ್ತೇನೆ. ಅವತ್ತಿನಿಂದ ಅಪ್ಪನ ಜೊತೆ ಎಣ್ಣೆ ಎಂಜಿನ್ ರಿಪೇರಿಗೆ ನಿಂತವನು, ದೇವದುರ್ಗದ ಒಂದು ತಗಡಿನ ಚಪ್ಪರದಿಂದ ಹಿಡಿದು ರಾಯಚೂರಿನಲ್ಲಿ ಸ್ವಂತ ಅಂಗಡಿ ಹಾಕುವವರೆಗೆ ದುಡಿದಿದ್ದೇನೆ. ಬೋರ್ಡಿನ ಮೇಲೆ 'ಸಂಗಣ್ಣ ಮೇಸ್ತ್ರಿ' ಅಂತ ಕೆಂಪು ಅಕ್ಷರ. ಕೃಷ್ಣೆಯ ದಂಡೆಯಲ್ಲಾಗಲಿ ತುಂಗಭದ್ರೆಯ ದಂಡೆಯಲ್ಲಾಗಲಿ, ನೀರೆತ್ತುವ ಎಂಜಿನ್ ಕೆಮ್ಮಿತು ಅಂದರೆ ಗಾಡಿಯಲ್ಲಿ ಮಲಗಿಸಿಕೊಂಡು ನನ್ನ ಬಾಗಿಲಿಗೇ ತರಬೇಕು. ಇಂಥ ನನಗೆ, ಎಂಬತ್ತರ ದಶಕದ ಎರಡು ವರ್ಷಗಳಲ್ಲಿ, ಒಂದು ಇಡೀ ದೇಶವೇ ಎದುರು ನಿಂತು 'ಇಲ್ಲ' ಅಂದಿತು. ಆ ದೇಶದ ಹೆಸರು ಹೇಳುವುದಿಲ್ಲ. ಈಗ ಅದರ ಮೇಲೆ ನನಗೆ ಸಿಟ್ಟಿಲ್ಲ.

ಆದದ್ದು ಇಷ್ಟು. ನನ್ನ ತಂಗಿ ಗಿರಿಜಾ ನರ್ಸ್ ಕೆಲಸ ಕಲಿತು, ಅದೇ ಆಸ್ಪತ್ರೆಯ ಕೆಲಸದವನನ್ನು ಮದುವೆಯಾಗಿ, ಗಂಡನ ಜೊತೆ ಆ ದೇಶಕ್ಕೆ ಹೋದಳು. ಐದಾರು ವರ್ಷವಾದರೂ ಬರಲು ರಜೆ ಕೂಡಿಬರಲಿಲ್ಲ. ಅಲ್ಲಿ ಅವಳಿಗೊಬ್ಬ ಮಗ ಹುಟ್ಟಿದ. ಮಗಳ ಮೊದಲ ಮಗನಿಗೆ ಬೆಳ್ಳಿಯ ಉಡದಾರವನ್ನು ತಾಯಿಯ ತಂದೆಯೇ ತಂದು ಸ್ವಂತ ಕೈಯಿಂದ ಕಟ್ಟಬೇಕು ಅನ್ನುವುದು ನಮ್ಮ ಮನೆತನದ ಪದ್ಧತಿ. ಅವ್ವ ತೀರಿಕೊಂಡ ಮೇಲೆ ಅಪ್ಪ ಯಾವುದಕ್ಕೂ ಆಸೆಪಟ್ಟವರಲ್ಲ, ಇದಕ್ಕೆ ಮಾತ್ರ ಪಟ್ಟರು. ಗಿರಿಜಾ ಕೂಸಿನ ನಡುವಿನ ಅಳತೆಯನ್ನು ಒಂದು ನೂಲಿನಲ್ಲಿ ತೆಗೆದು ಕಾಗದದೊಳಗೆ ಮಡಿಸಿ ಕಳಿಸಿದಳು. ಅಪ್ಪ ಆ ನೂಲನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿ ಮಾನ್ವಿಗೆ ಹೋಗಿ, ತಮ್ಮ ಹಳೆಯ ಗೆಳೆಯ ಮಾನಪ್ಪ ಪತ್ತಾರನ ಕೈಯಲ್ಲಿ ಉಡದಾರ ಮಾಡಿಸಿದರು. ಇನ್ನು ಉಳಿದದ್ದು ವೀಸಾ ಒಂದೇ.

ನಮ್ಮಲ್ಲಿ ಕಾಗದಪತ್ರದ ವಿದ್ಯೆಗೆಲ್ಲ ಖಾಜಾಸಾಬರೇ ದಿಕ್ಕು. ಕೋರ್ಟಿನ ಮುಂದೆ ಬೇವಿನ ಮರದ ಕೆಳಗೆ ಟೈಪ್ ಮಷಿನ್ ಇಟ್ಟುಕೊಂಡು ಕೂತಿರುತ್ತಾರೆ. ಅವರು ಟೈಪ್ ಮಾಡಿದ ಅರ್ಜಿಗೆ ಕಲೆಕ್ಟರರೂ ಒಮ್ಮೆ ಕಣ್ಣು ಹಾಯಿಸುತ್ತಾರೆ ಅಂತ ಹೆಸರು. ಒಂದೊಂದೇ ಪ್ರಶ್ನೆ ಓದಿ ಹೇಳುತ್ತ ಅವರು ಅರ್ಜಿದಾರರ ಉದ್ಯೋಗದ ಅಂಕಣಕ್ಕೆ ಬಂದು ನಿಂತರು.

"ಏನಂತ ಹೊಡೀಲಿ ಮೇಸ್ತ್ರಿ?"

"ಉದ್ಯೋಗ ಏನೂ ಇಲ್ಲ ಅಂತ ಹೊಡೀರಿ. ಮಗ ರಾಜನಂಗ ಇಟ್ಟಾನ, ಒಂದು ಕಡ್ಡಿ ಎತ್ತಿ ಆ ಕಡೆ ಇಡಾಕ ಬಿಡಂಗಿಲ್ಲ ಅಂತ ಸೇರಿಸ್ರಿ."

"ಅಷ್ಟೆಲ್ಲಾ ಜಾಗ ಇಲ್ರೀ ಇದರಾಗ."

"ಜಾಗ ಇದ್ದಷ್ಟು ಹೊಡೀರಿ."

ಎಪ್ಪತ್ತು ದಾಟಿದ ತಂದೆ ಇನ್ನೂ ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಾನೆ ಅಂತ ಬರೆಸಿದರೆ ಮಗನಾದವನ ಮರ್ಯಾದೆ ಏನಾಗಬೇಕು? ಅಪ್ಪ ದಿನಾ ಅಂಗಡಿಗೆ ಬರುತ್ತಿದ್ದರು ನಿಜ. ಆದರೆ ಅದು ಹೊತ್ತು ಹೋಗಲಿ ಅಂತ. ಕನಿಷ್ಠ ನಾನು ಹಾಗೆ ತಿಳಿದಿದ್ದೆ.

ಮದ್ರಾಸಿನ ರೈಲು ಹತ್ತಿ ಹೋದೆವು. ಆ ದೇಶದ ವೀಸಾ ಕಚೇರಿ ಇದ್ದದ್ದು ಅಲ್ಲೇ, ಒಳಗೆ ಅರ್ಜಿದಾರರಿಗೆ ಮಾತ್ರ ಪ್ರವೇಶ. ನಾನು ಹೊರಗೆ ಗೋಡೆಯ ನೆರಳಿನಲ್ಲಿ ರೊಟ್ಟಿಯ ಗಂಟು ಹಿಡಿದುಕೊಂಡು ನಿಂತೆ. ಒಂದು ತಾಸಿಗೆ ಅಪ್ಪ ಪಾಸ್‌ಪೋರ್ಟಿನ ಹಿಂದಿನ ಪುಟ ತೆರೆದು ತೋರಿಸುತ್ತ ಬಂದರು. "ಲೇ ಸಂಗ್ಯಾ, ಮುದ್ರಿ ಬಿತ್ತು!" ದುಂಡನೆಯ, ಕಪ್ಪು ಮುದ್ರೆ. ನಮ್ಮ ಕಡೆ ಮುದ್ರೆ ಬಿತ್ತು ಅಂದರೆ ಕೆಲಸ ಆಯಿತು ಅಂತಲೇ ಅರ್ಥ. ಮುದ್ರೆ ಬೀಳಲಿಲ್ಲ ಅಂತ ತಹಸೀಲ್ ಕಚೇರಿಗೆ ವರ್ಷಗಟ್ಟಲೆ ಅಲೆದವರನ್ನು ಕಂಡಿದ್ದೇನೆ, ಮುದ್ರೆ ಬಿದ್ದು ಅತ್ತವರನ್ನು ಕಂಡಿಲ್ಲ. ನಾನೂ ಅದನ್ನು ಕೈಗೆ ತೆಗೆದುಕೊಂಡು ಇಂಗ್ಲಿಷ್ ಬಲ್ಲವನಂತೆ ತಲೆಯಾಡಿಸಿದೆ. ರೈಲಿನಲ್ಲಿ ಪಕ್ಕದವರಿಗೆಲ್ಲ ಪೇಡೆ ಹಂಚಿದೆ. ರಾಯಚೂರಿನ ಸ್ಟೇಷನ್ನಿನಲ್ಲಿ ನಮ್ಮ ಅಂಗಡಿಯ ಪಕ್ಕದ ಮಿಲ್ಲಿನವರು ಹಾರ ಹಾಕಿದರು. ಹಾರ ಕೊರಳಲ್ಲಿರುವಾಗಲೇ ಖಾಜಾಸಾಬರು ಕನ್ನಡಕ ಏರಿಸಿ ಆ ಪುಟ ನೋಡಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, "ಮೇಸ್ತ್ರಿ, ಇದು ಒಲ್ಲೆ ಅನ್ನೋ ಮುದ್ರಿ ಐತ್ರೀ" ಅಂದರು.

ಮನೆಗೆ ಬಂದು ವಿಚಾರಣೆ ಶುರು ಮಾಡಿದೆ. "ಯಪ್ಪಾ, ಒಳಗ ಏನು ಕೇಳಿದ್ರು, ನೀ ಏನಂದಿ?"

"ಆ ಸಾಹೇಬ ಕೇಳಬಾರದ್ದ ಕೇಳಿದ. ಮನಿಗೆ ಕಾಲಿಡೋ ಮುಂಚೇನ, ಯಾವಾಗ ಹೊಳ್ಳಿ ಹೋಗ್ತಿ ಅಂದ. ಬೀಗರನ್ನ ಯಾರರ ಹಂಗ ಕೇಳ್ತಾರೇನು? ಪಾಪ, ತಿಳೀದು, ಹುಡುಗ ಅದಾನ ಅಂತ ನಾನೂ ಸುಮ್ಮನಾದೆ."

"ಸುಮ್ಮನಾದಿ ಅಂದ್ರ?"

"ಅವರು ಕಳಿಸಿಕೊಟ್ಟಾಗ ಬರ್ತೀನಿ ಅಂದೆ. ಮತ್ತೇನನ್ನಬೇಕು?"

ಅವರ ಮಾತಿನಲ್ಲಿ ನಮ್ಮ ಕಡೆಯ ನ್ಯಾಯವಿತ್ತು. ಬೀಗರ ಮನೆಯಿಂದ ಹೊರಡುವ ದಿನವನ್ನು ಹೋಗುವ ಮುಂಚೆ ಹೇಳಿದರೆ ಹೋಗಲಿಕ್ಕೇ ಮನಸ್ಸಿಲ್ಲ ಅಂದಂತೆ. ಬಂದವರು 'ನಾಳೆ ಹೋಗ್ತೀನಿ' ಅನ್ನಬೇಕು, ಮನೆಯವರು ಚೀಲ ಬಚ್ಚಿಡಬೇಕು, ಮೂರು ಸಲ ಹೀಗಾದ ಮೇಲೆ ಹೊರಡಬೇಕು. ಈ ಪದ್ಧತಿಯ ಪ್ರಕಾರ ಒಂದು ಹೊತ್ತಿನ ಹೋಳಿಗೆ ಊಟಕ್ಕೆಂದು ಬಂದ ನಮ್ಮ ಸೋದರಮಾವ ಬಿತ್ತನೆಯಿಂದ ಸುಗ್ಗಿಯವರೆಗೆ ನಮ್ಮಲ್ಲೇ ಉಳಿದಿದ್ದ. ಅವನು ನಾಳೆ ಅನ್ನುತ್ತಿದ್ದ, ನಾವು ಚೀಲ ಬಚ್ಚಿಡುತ್ತಿದ್ದೆವು. ಕೊನೆಗೆ ಚೀಲ ಎಲ್ಲಿ ಬಚ್ಚಿಟ್ಟೆವೆಂದು ನಮಗೇ ಮರೆತುಹೋಯಿತು. ಬಹುಶಃ ಆ ದೇಶದವರಿಗೂ ಇಂಥ ಒಬ್ಬ ಮಾವ ಇದ್ದಿರಬೇಕು.

ಎರಡನೆಯ ಸಲ ನಾನು ತಯಾರಿ ಜೋರು ಮಾಡಿದೆ. 'ಮೂರು ತಿಂಗಳು' ಅನ್ನುವ ಎರಡು ಶಬ್ದಗಳನ್ನು ಅಪ್ಪನ ಕೈಲಿ ಬಾಯಿಪಾಠ ಮಾಡಿಸಿದೆ. ದೇವದುರ್ಗಕ್ಕೆ ನಾಲ್ಕು ಸಲ ಓಡಾಡಿ ನಾಲ್ಕೆಕರೆ ಹೊಲದ ಪಹಣಿ, ಮನೆಯ ಕಾಗದ, ಎಲ್ಲ ತಂದೆ. ಅಂಗಡಿಯ ಫೋಟೋ ತೆಗೆಸಿದೆ. ಬೋರ್ಡು ಪೂರ್ತಿ ಕಾಣಲಿ ಅಂತ ಫೋಟೋದವನನ್ನು ರಸ್ತೆಯ ನಡುವೆ ನಿಲ್ಲಿಸಿದ್ದೆ. ಅಷ್ಟರಲ್ಲಿ ಗಿರಿಜಾಳಿಂದ ಹೊಸ ನೂಲು ಬಂತು. ಕೂಸು ಬೆಳೆಯುತ್ತದಲ್ಲ! ವೀಸಾ ಬರಲಿ ಅಂತ ಅದು ಕಾಯುವುದಿಲ್ಲ. ಅಪ್ಪ ಮತ್ತೆ ಮಾನ್ವಿಗೆ ಹೋಗಿ ಉಡದಾರವನ್ನು ಎರಡು ಬೆರಳು ಉದ್ದ ಮಾಡಿಸಿಕೊಂಡು ಬಂದರು.

ಮದ್ರಾಸಿನಲ್ಲಿ ಮತ್ತೆ ಅದೇ ಗೋಡೆ, ಅದೇ ನೆರಳು. ಅಪ್ಪ ಹೊರಗೆ ಬಂದಾಗ ಈ ಸಲ ಮುಖದಲ್ಲಿ ಕಳೆ ಇರಲಿಲ್ಲ.

"ಮೂರು ತಿಂಗಳು ಅಂದಿ?"

"ಅಂದೆ."

"ಮತ್ತ?"

"ನಿಮ್ಮ ಊರಾಗ ನಿಮ್ದು ಆಸ್ತಿ ಏನದ ಅಂದ. ನಂದೇನಿಲ್ಲಪ್ಪಾ, ಎಲ್ಲಾ ಶಿವಂದು ಅಂದೆ."

ನಾನು ಅಲ್ಲೇ ಗೋಡೆಗೆ ಒರಗಿ ಕೂತೆ. "ಯಪ್ಪಾ! ಪಹಣಿ ಅವನ ಮುಂದ ಅದ, ನಿನ್ನ ಹೆಸರು ಅದರಾಗ ಅದ!"

"ಹೆಸರು ಇದ್ರ ಇರಲಿ. ನಂದು ಅಂತ ಬಾಯಿ ಬಿಟ್ಟು ಹೇಳಿದ್ರ ಮಣ್ಣು ನಗ್ತದ."

ಆ ಸಾಹೇಬನ ಕಷ್ಟವೂ ನನಗೆ ಅರ್ಥವಾಗುತ್ತದೆ. ಕಾಗದ ಹೊಲ ಇದೆ ಅನ್ನುತ್ತದೆ, ಹೊಲದವನು ಇಲ್ಲ ಅನ್ನುತ್ತಾನೆ. ಶಿವನನ್ನು ಕರೆಸಿ ಕೇಳಲಿಕ್ಕೆ ಅವನಿಗೆ ಅಧಿಕಾರವಿರಲಿಲ್ಲ. ಇನ್ನೊಂದು ದುಂಡನೆಯ ಮುದ್ರೆ ಬಿತ್ತು.

ಮೊದಲನೆಯ ಸಲ ನಕ್ಕಿದ್ದೆವು. ಈ ಸಲ ಮನೆಯಲ್ಲಿ ಯಾರೂ ನಗಲಿಲ್ಲ. ಅಪ್ಪ ಉಡದಾರವನ್ನು ವಿಭೂತಿಯ ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಿಬಿಟ್ಟರು. "ಬಿಡು ತಮ್ಮಾ. ನನ್ನ ನಸೀಬದಾಗ ಇಲ್ಲ. ಅಕಿಗೆ ಟಪಾಲಿನ್ಯಾಗ ಕಳಿಸು" ಅಂದರು. ಅಂಗಡಿಗೆ ಬಂದರೂ ಮೂಲೆಯ ಬೆಂಚಿನ ಮೇಲೆ ಕೂತು ರಸ್ತೆ ನೋಡುತ್ತಿದ್ದರು. ಯಾವುದಾದರೂ ಎಂಜಿನ್ ಶುರುವಾದರೆ ತಲೆ ವಾರೆ ಮಾಡಿ ಸಪ್ಪಳ ಕೇಳುವುದು ಅವರ ರೂಢಿ. ಅದನ್ನೂ ಬಿಟ್ಟರು. ಟಪಾಲಿನಲ್ಲಿ ಕಳಿಸಿದರೆ ಅದು ಬರೀ ಬೆಳ್ಳಿ, ಉಡದಾರವಲ್ಲ. ಇದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನಾನು ಟಪಾಲಿಗೆ ಹಾಕಲಿಲ್ಲ. ಆರು ತಿಂಗಳು ಕಳೆದ ಮೇಲೆ ಮತ್ತೆ ಖಾಜಾಸಾಬರ ಬೇವಿನ ಮರದ ಕೆಳಗೆ ಹೋಗಿ ಕೂತೆ.

ಅವರು ಹಳೆಯ ಅರ್ಜಿಯ ನಕಲು ಬಿಡಿಸಿ, ಉದ್ಯೋಗದ ಅಂಕಣದ ಮೇಲೆ ಬೆರಳಿಟ್ಟರು. "ಸಂಗಣ್ಣ, ತಪ್ಪು ಇಲ್ಲಿ ಐತಿ. ಕೆಲಸಾನ ಇಲ್ದ ಮನಷ್ಯಾ ಎದಕ ವಾಪಸ್ ಬರ್ತಾನ್ರೀ? ಮೇಸ್ತ್ರಿ ಅಂತ ಹೊಡೀತೀನಿ."

"ಹೊಡೀಬ್ಯಾಡ್ರಿ. ಮುದುಕನ್ನ ದುಡಿಸಿ ತಿಂತಾನ ಅಂತ ಆ ದೇಶದಾಗ ನನ್ನ ಹೆಸರು ಕೆಡಬೇಕೇನು?"

"ಆ ದೇಶದಾಗ ನಿಮ್ಮ ಹೆಸರು ಯಾವನಿಗೆ ಗೊತ್ತೈತ್ರೀ?"

"ಗೊತ್ತಾಗೋದು ಬ್ಯಾಡ ಅಂತನ ಹೇಳಾಕತ್ತೀನಿ."

"ಯಾ ಅಲ್ಲಾ!" ಅಂತ ಹಣೆ ಬಡಿದುಕೊಂಡು ಅವರು ಮತ್ತೆ 'ಇಲ್ಲ' ಅಂತಲೇ, ಕಡ್ಡಿಯ ಮಾತೂ ಸೇರಿಸಿ, ಹೊಡೆದರು. ಮಷಿನ್ನಿನ ಸಪ್ಪಳದಲ್ಲೇ ಅವರ ಸಿಟ್ಟು ಕೇಳಿಸಿತು.

ಮಾನ್ವಿಯ ಮಾನಪ್ಪ ಪತ್ತಾರನೂ ಬಿಡಲಿಲ್ಲ. ಮೂರನೆಯ ನೂಲು ನೋಡಿ, "ಯಾಕೋ ಗೆಳೆಯಾ, ಇನ್ನೊಂದು ಸಲ ನೀ ಬಂದಿ ಅಂದ್ರ ಉಡದಾರ ಬಿಟ್ಟು ನಿನ್ನ ಮೊಮ್ಮಗನ ಹೆಂಡ್ತಿಗೆ ಡಾಬು ಮಾಡಿಬಿಡೂಣು" ಅಂದನಂತೆ. ಆದರೆ ಈ ಸಲ ಕೂಲಿ ಮುಟ್ಟಲಿಲ್ಲ. ಕೊನೆಗೆ ನಾಲ್ಕು ಕೊಂಡಿ ಹೆಚ್ಚಿಗೆ ಹಾಕಿ, "ಎಲ್ಲಿ ಬೇಕೋ ಅಲ್ಲಿ ಸಿಗಿಸು" ಅಂದು ಕಳಿಸಿದ.

ಮೂರನೆಯ ಸಲ ಗೋಡೆಯ ನೆರಳಿನಲ್ಲಿ ನಾನು ಒಂದೂವರೆ ತಾಸು ನಿಂತೆ. ಅಪ್ಪ ಬರಲಿಲ್ಲ. ಬದಲಿಗೆ ಟೈ ಕಟ್ಟಿದ ಒಬ್ಬ ತೆಳ್ಳನೆಯ ಮನುಷ್ಯ ಬಾಗಿಲಿಗೆ ಬಂದು ಅತ್ತಿತ್ತ ನೋಡಿದ. ಒಳಗೆ ಸಾಹೇಬರ ಮಾತನ್ನು ಕನ್ನಡಕ್ಕೆ ಮಾಡಿ ಹೇಳುವ ದುಭಾಷಿ ಇವನೇ ಅಂತ ಆಮೇಲೆ ಗೊತ್ತಾಯಿತು.

"ಸಂಗಣ್ಣ ಅಂದ್ರೆ ನೀವೇನಾ ಸಾರ್?"

"ಹೌದ್ರಿ. ಏನಾತ್ರಿ?"

"ಏನೂ ಇಲ್ಲ. ಒಂದ್ಸಲ ನೋಡ್ಬೇಕು ಅನ್ನಿಸ್ತು" ಅಂದು ಬಾಯಿಗೆ ಕರ್ಚೀಫು ಒತ್ತಿಕೊಂಡ.

ಅವನು ನಗು ತಡೆದು ತಡೆದು ಹೇಳಿದ್ದನ್ನು ಇಲ್ಲಿ ಕೂಡಿಸಿ ಬರೆಯುತ್ತೇನೆ. ಸಾಹೇಬರು ಅರ್ಜಿ ನೋಡಿ, ನಿಮಗೆ ಉದ್ಯೋಗವೇ ಇಲ್ಲ ಅಂತ ಬರೆದಿದೆ, ಕಡ್ಡಿ ಎತ್ತಿಡುವ ಕೆಲಸವೂ ಇಲ್ಲವಂತೆ, ಹಾಗಾದರೆ ಯಾಕೆ ವಾಪಸ್ ಹೋಗುತ್ತೀರಿ ಅಂತ ಕೇಳಿದರಂತೆ. ಅರ್ಜಿಯಲ್ಲಿ ಏನಿದೆ ಅನ್ನುವುದು ಅಪ್ಪನಿಗೆ ಅವತ್ತೇ ಮೊದಲು ತಿಳಿದದ್ದು. ಕುರ್ಚಿ ಬಿಟ್ಟು ಎದ್ದು ನಿಂತರಂತೆ.

"ಯಾರು ಬರದಾರ ಇದನ್ನ? ನನ್ನ ಮಗನೇನು? ಕೇಳ್ರಿ ಸಾಹೇಬ್ರ, ನನ್ನ ಮಗ ಎಂಜಿನ್ ಬಿಚ್ಚೋದು ಭಾಳ ಚಂದ ಬಿಚ್ಚತಾನ. ಜೋಡಸಾಕ ಕುಂತ್ರ ಪ್ರತಿ ಸಲ ಎರಡು ನಟ್ಟು ಉಳಸ್ತಾನ. ಆ ಎರಡು ನಟ್ಟು ಎಲ್ಲಿ ಕುಂದ್ರಬೇಕು ಅಂತ ಹೇಳಾಕ ನಾನ ಬೇಕು. ಹಿಂಗಾರಿ ಹೊತ್ತಿಗೆ ಎಂಜಿನ್ ಎಲ್ಲಾ ನಮ್ಮ ಅಂಗಡಿಗೆ ಬರ್ತಾವ. ಮೂರು ತಿಂಗಳ ಮ್ಯಾಲೆ ಒಂದು ದಿನ ನಾ ಅಲ್ಲಿ ಉಳಿದೆ ಅಂದ್ರ ಎರಡು ತಾಲೂಕಿನ ಎಂಜಿನ್ ನಿಂತುಬಿಡ್ತಾವ. ಮಗಳಿಗೆ ಗಂಡ ಅದಾನ. ಇವನಿಗೆ ಯಾರದಾರ?"

ಸಾಹೇಬರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರಂತೆ. ಅವರ ಊರಿನ ಮನೆಯಲ್ಲಿ ಒಂದು ಹಳೆಯ ಮೋಟಾರ್ ಸೈಕಲ್ ಇದೆಯಂತೆ. ಅವರೂ ಬಿಚ್ಚಿ ಜೋಡಿಸಿದಾಗಲೆಲ್ಲ ಮೂರು ನಟ್ಟು ಉಳಿಯುತ್ತವಂತೆ. ಪಹಣಿ, ಮನೆಯ ಕಾಗದ, ನನ್ನ ಬೋರ್ಡಿನ ಫೋಟೋ ಯಾವುದನ್ನೂ ಅವರು ಮುಟ್ಟಲಿಲ್ಲ. ಉಡದಾರ ತೋರಿಸಿ ಅಂದರಂತೆ, ಅಪ್ಪ ತೋರಿಸಿದರಂತೆ, ಅಷ್ಟೇ.

ಅಷ್ಟರಲ್ಲಿ ಅಪ್ಪ ಹೊರಗೆ ಬಂದರು. "ಲೇ, ಮುದ್ರಿ ಬಿತ್ತು. ಈ ಸಲ ಓದಿಸಿಕೊಂಡ ಬಂದೀನಿ."

ಎರಡು ವರ್ಷದಿಂದ ಎದೆಯ ಮೇಲೆ ಕೂತಿದ್ದ ಬೀಸುಗಲ್ಲನ್ನು ಯಾರೋ ಎತ್ತಿ ಕೆಳಗಿಟ್ಟಂತಾಯಿತು. ಆದರೂ ಸುಮ್ಮನಿರಲಿಕ್ಕೆ ನನ್ನ ಹುಟ್ಟುಗುಣ ಬಿಡಬೇಕಲ್ಲ. "ಯಪ್ಪಾ, ಪರದೇಶದವರ ಮುಂದ ನನ್ನ ಮಾನ ಕಳದಿ" ಅಂದೆ.

"ಕಳದಿಲ್ಲ. ಅವರ ಫೈಲಿನ್ಯಾಗ ಭದ್ರ ಅದ."

"ಅಲ್ಲ, ಖರೇ ಹೇಳು. ಪ್ರತಿ ಸಲ ಎರಡು ಉಳೀತಾವೇನು?"

"ಸುಳ್ಳು ಹೇಳಾಕ ನಾನೇನು ಅರ್ಜಿ ಬರದೀನೇನು?" ಅಂದು ರೊಟ್ಟಿಯ ಗಂಟು ಬಿಚ್ಚಿದರು.

ಅಪ್ಪ ಹೋದರು. ತಿಂಗಳೊಪ್ಪತ್ತಿಗೆ ಗಿರಿಜಾಳ ಕಾಗದ ಬಂತು. ಉಡದಾರ ಸರಿಯಾಗಿ ಕೊನೆಯ ಕೊಂಡಿಗೆ ಬಂದು ಕೂತಿತಂತೆ. ಹುಡುಗ ಮೊದಲು ಅತ್ತನಂತೆ, ಆಮೇಲೆ ಅಂಗಿ ಎತ್ತಿ ಎತ್ತಿ ಮನೆಗೆ ಬಂದವರಿಗೆಲ್ಲ ತೋರಿಸಿದನಂತೆ. ಆ ಕಾಗದವನ್ನು ಖಾಜಾಸಾಬರಿಗೆ ಓದಿ ಹೇಳಿದೆ, ಮಿಲ್ಲಿನವರಿಗೆ ಹೇಳಿದೆ, ಮಾನ್ವಿಗೆ ಹೋಗಿ ಮಾನಪ್ಪನಿಗೂ ಹೇಳಿ ಬಂದೆ.

ಇತ್ತ ಅಂಗಡಿಯಲ್ಲಿ ನಾನು ಪಣ ತೊಟ್ಟಿದ್ದೆ. ಅಪ್ಪ ಬರುವುದರೊಳಗೆ ಒಂದೇ ಒಂದು ನಟ್ಟು ಉಳಿಸದೆ ಕೆಲಸ ಮಾಡಿ ಆ ಫೈಲಿನ ಮಾತು ಸುಳ್ಳು ಮಾಡಬೇಕು. ಮೊದಲ ಎಂಜಿನ್ ದೇವದುರ್ಗದ ಕಡೆಯದು. ಜೋಡಿಸಿದೆ, ಶುರುವಾಯಿತು, ಗುಡುಗುಡು ಅಂತ ಹಾಡಿತು. ಕೈ ಒರೆಸಿಕೊಳ್ಳಲು ಅರಿವೆ ಎತ್ತಿದರೆ ಕೆಳಗೆ ಒಂದು ನಟ್ಟು. ನಾನು ಹೇಳುವುದೇನೆಂದರೆ, ಈ ಕಂಪನಿಯವರು ಬೇಕಾದದ್ದಕ್ಕಿಂತ ಹೆಚ್ಚು ನಟ್ಟು ಹಾಕುತ್ತಾರೆ. ಬೆಂಚಿನ ಕಡೆ ತಿರುಗಿ ಈ ಮಾತನ್ನು ಜೋರಾಗಿ ಹೇಳಿಯೂ ಹೇಳಿದೆ. ಬೆಂಚು ಖಾಲಿ ಇತ್ತು.

ಮೂರು ತಿಂಗಳಿಗೆ ಇನ್ನೂ ಒಂಬತ್ತು ದಿನ ಇರುವಾಗಲೇ ಅಪ್ಪ ರಾಯಚೂರಿನ ಸ್ಟೇಷನ್ನಿನಲ್ಲಿ ಇಳಿದರು. ಮಗಳು ಚೀಲ ಬಚ್ಚಿಟ್ಟಳಂತೆ, ಇವರು ಚೀಲ ಬಿಟ್ಟೇ ಹೊರಟು ನಿಂತರಂತೆ. ಮೈಮೇಲೆ ಅಳಿಯ ಕೊಡಿಸಿದ ಉಣ್ಣೆಯ ಕೋಟು, ಕೆಳಗೆ ಅದೇ ಧೋತರ. ಕಾಲಿಗೆ ಬಿದ್ದು ಎದ್ದೆ. ಕೂಸು ಹೇಗಿದೆ, ಗಿರಿಜಾ ಹೇಗಿದ್ದಾಳೆ, ವಿಮಾನ ಹೇಗಿತ್ತು ಅಂತ ಕೇಳಬೇಕೆಂದು ಬಾಯಿ ತೆರೆಯುವುದರೊಳಗೆ ಅಪ್ಪ ಬಲಗೈ ಅಂಗೈ ಚಾಚಿದರು.

"ಎಷ್ಟು ಉಳದಾವ?"

ನಾನು ಜೇಬಿಗೆ ಕೈ ಹಾಕಿ, ಮನೆಯಿಂದ ಬರುವಾಗಲೇ ಅರಿವೆಯಲ್ಲಿ ಕಟ್ಟಿ ತಂದಿದ್ದ ಗಂಟನ್ನು ಅವರ ಅಂಗೈ ಮೇಲಿಟ್ಟೆ. ಅವರು ಬಿಚ್ಚದೆ, ತೂಕ ನೋಡಿಯೇ ತಲೆಯಾಡಿಸಿದರು.