ಮರಿಯ ಹೊಟ್ಟೆ, ಮಾವನ ನಮೂನೆ

ನಮ್ಮ ಸೋದರಮಾವ ಒಂದು ನಾಯಿಮರಿಗಾಗಿ ಖಾರ ಬಿಟ್ಟ ಮಹಾತ್ಮ! ಹೀಗಂತ ನಮ್ಮ ಬಳಗದಲ್ಲಿ ಇಂದಿಗೂ ಹೇಳುತ್ತಾರೆ. ಮಾನ್ವಿಯಲ್ಲಿ ತೊಟ್ಟಿಲ ಕಾರ್ಯವಿರಲಿ, ದೇವದುರ್ಗದಲ್ಲಿ ಮದುವೆಯ ಪಂಕ್ತಿಯಿರಲಿ, ಎಲೆಯ ತುದಿಗೆ ಚಟ್ನಿ ಬಿದ್ದ ಕೂಡಲೇ ಯಾರಾದರೊಬ್ಬರು ಈ ಕಥೆ ಎತ್ತುತ್ತಾರೆ. ಕೇಳಿದವರು "ಮೂಕಪ್ರಾಣಿ ಮ್ಯಾಲ ಏನ್ ಮಮತಾ ರೀ!" ಎಂದು ಲೊಚಗುಟ್ಟಿ, ತಮ್ಮ ಎಲೆಯ ಚಟ್ನಿಯನ್ನು ಮಾತ್ರ ಪೂರ್ತಿ ನೆಕ್ಕುತ್ತಾರೆ.

ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಯಾವಾಗಲೂ ವಿಷಯದ ವಿರುದ್ಧ ಮಾತಾಡಿದವಳು. ಪರವಾಗಿ ಮಾತಾಡಲು ಊರ ತುಂಬ ಜನ ಇರುತ್ತಾರೆ, ಅವರ ಸಾಲಿನಲ್ಲಿ ನಾನೂ ಯಾಕೆ ನಿಲ್ಲಲಿ? ಇಲ್ಲಿಯೂ ನನ್ನದು ವಿರೋಧವೇ. ಮಾವ ಆ ಮರಿಗಾಗಿ ಖಾರ ಬಿಡಲಿಲ್ಲ. ಮತ್ತೆ ಯಾಕೆ ಬಿಟ್ಟ ಅನ್ನುತ್ತೀರಾ? ತಡೆಯಿರಿ, ಸಾಕ್ಷಿ ಕೇಳದೆ ತೀರ್ಪು ಬೇಡುವ ಚಟ ಒಳ್ಳೆಯದಲ್ಲ!

ಮೊದಲು ಆರೋಪಿಯ ಪರಿಚಯ. ಮಾವ ಅಂದರೆ ನನ್ನ ಅವ್ವನ ತಮ್ಮ, ಮಾನ್ವಿಯವನು. ರಾಯಚೂರಿನ ಒಂದು ಅಡತಿ ಅಂಗಡಿಯಲ್ಲಿ, ಅಂದರೆ ದಲಾಲರ ಅಂಗಡಿಯಲ್ಲಿ, ಅವನಿಗೆ ಹತ್ತಿ ನೋಡುವ ಕೆಲಸ. ಹತ್ತಿ ನೋಡುವುದೆಂದರೆ ನಾವು ನೀವು ನೋಡಿದ ಹಾಗಲ್ಲ. ಅಂಡಿಗೆಯ, ಅಂದರೆ ದೊಡ್ಡ ಹತ್ತಿ ಚೀಲದ, ಬಾಯಲ್ಲಿ ಬೆಳ್ಳಗೆ ಹೊಳೆಯುವ ಹತ್ತಿಯನ್ನು ಅವನು ಮುಟ್ಟುತ್ತಲೇ ಇರಲಿಲ್ಲ. ಮೊಣಕೈವರೆಗೆ ಒಳಗೆ ಕೈ ತೂರಿಸಿ ನಡುವಿನಿಂದ ಒಂದು ಚಿಮಟಿ ಕಿತ್ತು, ಹೆಬ್ಬೆರಳು ತೋರುಬೆರಳುಗಳ ನಡುವೆ ಎಳೆ ಬಿಡಿಸಿ, ಕಣ್ಣು ಕಿರಿದು ಮಾಡಿ, "ನಮೂನಿ ಚಲೋ ಅದ" ಅಂದರೆ ಮುಗಿಯಿತು. ಈ ವಿದ್ಯೆಯನ್ನು ಅವನು ಅಂಗಡಿಯಲ್ಲೇ ಬಿಟ್ಟು ಬಂದಿದ್ದರೆ ತಕರಾರಿರಲಿಲ್ಲ. ಕಲ್ಲಂಗಡಿಗೂ ಅದೇ, ಬೆಲ್ಲಕ್ಕೂ ಅದೇ. ಸ್ಪರ್ಧೆಗೆಂದು ನಾನು ಭಾಷಣ ಬಾಯಿಪಾಠ ಮಾಡುತ್ತಿದ್ದರೆ ತಡೆದು, "ಆರಂಭ ಎಲ್ಲಾರೂ ಚಲೋ ಮಾಡ್ತಾರ ವಕೀಲವ್ವಾ. ನಡುವಿಂದು ಹೇಳು, ನಮೂನಿ ನೋಡೂಣು" ಅನ್ನುತ್ತಿದ್ದ. ನಡುವಿನದು ನನಗೆ ನೆನಪಾದರೆ ತಾನೆ!

ಇಂಥ ಮನುಷ್ಯ ಜೀವನದಲ್ಲಿ ಒಂದೇ ಒಂದು ಸಲ ನಮೂನೆ ನೋಡದೆ ಮಾಲು ಒಪ್ಪಿಕೊಂಡ. ಅದು ದೇವದುರ್ಗದಲ್ಲಿ, ಹೆಣ್ಣು ನೋಡಲು ಹೋದಾಗ. ಆ ಮನೆತನದಲ್ಲಿ ಒಂದು ಪದ್ಧತಿ. ಗಂಡಿನ ಜಾತಕ ಕೂಡಿಬಂದರೂ ಸಾಲದು, ಹಣ್ಣು ಮೆಣಸಿನಕಾಯಿ ಅರೆದು ಹದ ಹಾಕಿದ ರಂಜಕವನ್ನು ರೊಟ್ಟಿಯ ಮೇಲೆ ಬಡಿಸಿ, ಹುಡುಗನ ಮುಖ ನೋಡುತ್ತ ಕೂಡುತ್ತಾರೆ. ಕಣ್ಣಲ್ಲಿ ನೀರು ಬಂತೋ, ಸಂಬಂಧ ಅಲ್ಲಿಗೇ ನಿಂತಿತು! ಮಾವ ರೊಟ್ಟಿ ಮುರಿಯುವಾಗ ಒಳಗಿನ ಬಾಗಿಲಲ್ಲಿ ಹುಡುಗಿ ಕಂಡಳಂತೆ. ಆಮೇಲೆ ಅವನ ನಾಲಿಗೆ ಅವನ ಹತೋಟಿಯಲ್ಲಿರಲಿಲ್ಲ. ರಂಜಕವನ್ನು ಪೂರ್ತಿ ಬಳಿದು ತಿಂದು, "ಸ್ವಲ್ಪ ಸಪ್ಪಗ ಅದ. ಇನ್ನಷ್ಟು ಹಾಕ್ರಿ" ಅಂದುಬಿಟ್ಟ!

ಬೀಗರು ಎದ್ದು ಬಂದು ಅಪ್ಪಿಕೊಂಡರು. ದೇವದುರ್ಗದ ತುಂಬ "ರಂಜಕದ ಅಳಿಯ" ಅಂತ ಹೆಸರಾಯಿತು. ಆ ಹುಡುಗಿ, ಅಂದರೆ ನಮ್ಮ ಅತ್ತಿ, ಗಂಡನ ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡು ರಾಯಚೂರಿಗೆ ಸಂಸಾರಕ್ಕೆ ಬಂದಳು. ಪಾಪ, ಗಂಡನಿಗೆ ಸಪ್ಪಗಾಗಬಾರದಲ್ಲ! ಬದನೆಕಾಯಿಗೆ ಖಾರ, ಪುಂಡಿಪಲ್ಲೆಗೆ ಅದರ ಮೇಲೊಂದು ಖಾರ, ಪ್ರೀತಿ ಹೆಚ್ಚಾದಷ್ಟೂ ಖಾರ.

ನಾನು ಓದಲೆಂದು ಅವರ ಮನೆಗೆ ಬಂದು ಉಳಿದದ್ದು ಎಪ್ಪತ್ತರ ದಶಕದ ಕೊನೆಗೆ. ಬಂದ ಹೊಸದರಲ್ಲೇ ನನ್ನ ಕಣ್ಣಿಗೆ ಬಿದ್ದದ್ದು ಮಾವನ ಊಟದ ನಂತರದ ಸಂಚಾರ. ತಾಟಿನಲ್ಲಿ ಕೈ ತೊಳೆದವನೇ "ಅಂಗಡಿಗೆ ಹೊತ್ತಾತು" ಎಂದು ಓಡುತ್ತಿದ್ದ. ಓಡುತ್ತಿದ್ದದ್ದು ಅಂಗಡಿಗಲ್ಲ, ಮೂಲೆಯ ಸೋಡಾ ಗಾಡಿಗೆ! ಅಲ್ಲಿ ಗೋಲಿ ಸೋಡಾ ಕುಡಿದು, ಹೊಟ್ಟೆಯ ಮೇಲೆ ಕೈಯಿಟ್ಟು, ಹಸುಗೂಸನ್ನು ಸಮಾಧಾನ ಮಾಡುವವರ ಹಾಗೆ ನಿಂತಿರುತ್ತಿದ್ದ. ಒಮ್ಮೆ ನನ್ನ ಕೈಗೆ ಸಿಕ್ಕಿಬಿದ್ದ.

"ಡಾಕ್ಟರಿಗೆ ತೋರಸು ಮಾವ."

"ತೋರಸೀನಿ. ಖಾರ ಬಿಡ್ರಿ ಅಂದ."

"ಮತ್ತ?"

"ಡಾಕ್ಟರನ್ನ ಬಿಟ್ಟೆ."

"ಅತ್ತಿಗಾದ್ರೂ ಹೇಳು!"

"ಹುಚ್ಚೀ! ಇಷ್ಟು ವರ್ಷ ಆಕಿ ಮಾಡಿದ್ದೆಲ್ಲಾ ನನ್ನ ಹೊಟ್ಟಿ ಸುಡ್ತು ಅಂತ ಹೇಳಿದ್ರ ಆಕಿ ಇನ್ನ ಒಲಿ ಹಚ್ಚತಾಳೇನು? ದೇವದುರ್ಗದಾಗ ನನ್ನ ಮುಖ ಏನಾಗಬೇಕು?"

ಕೇಳಿದಿರಲ್ಲ? ಒಂದು ಕಡೆ ಹೊಟ್ಟೆ, ಇನ್ನೊಂದು ಕಡೆ ಹೆಂಡತಿಯ ಕೈ ಅಡುಗೆ, ಮೇಲೆ ದೇವದುರ್ಗದ ಕೀರ್ತಿ. ಈ ಇಕ್ಕಟ್ಟಿನಲ್ಲಿ ನಮ್ಮ ಮನೆಗೆ ನಾಯಿಮರಿ ಬಂತು.

ಹತ್ತಿ ನೋಡಲು ಕುರ್ಡಿ ಎಂಬ ಹಳ್ಳಿಗೆ ಹೋದ ಮಾವ ಸಂಜೆ ಬಂದಾಗ ಹೆಗಲ ಚೀಲದಿಂದ ಎರಡು ಕಿವಿ ಹೊರಗೆ ಇಣುಕುತ್ತಿದ್ದವು. ಕುರಿಗಾರರ ನಾಯಿ ಈದ ಮರಿ. ಅತ್ತಿ ಸೊಂಟಕ್ಕೆ ಕೈಯಿಟ್ಟು, "ನಾ ಮನಿ ಬಳಿಯಾಕಿ, ಇದು ಹೊಲಸು ಮಾಡೋದು. ಚಲೋ ಜೋಡಿ ತಂದೀರಿ!" ಎಂದು ಹಾರಾಡಿದಳು. ಹಾರಾಡುತ್ತಲೇ ಬದನೆಕಾಯಿ ಪಲ್ಲೆಯ ರಸದಲ್ಲಿ ರೊಟ್ಟಿ ನೆನೆಸಿ ಹಾಕಿದಳು. ಮರಿ ಗಬಗಬ ತಿಂದಿತು. ಪಕ್ಕದಲ್ಲಿ ಮಾವನೂ ಅದೇ ಪಲ್ಲೆ ತಿಂದ. ಸ್ವಲ್ಪ ಹೊತ್ತಿಗೆ ಮರಿ ಅಂಗಳದ ತುಂಬ ತನ್ನ ಅಭಿಪ್ರಾಯ ಬರೆಯಿತು! ಮಾವ ಅದನ್ನು ತೊಡೆಯ ಮೇಲೆ ಹಾಕಿಕೊಂಡು, ಹಣೆಯ ಬೆವರು ಒರೆಸಿಕೊಳ್ಳುತ್ತ, ಒಂದು ಕೈ ಅದರ ಹೊಟ್ಟೆಯ ಮೇಲೆ, ಇನ್ನೊಂದು ಕೈ ತನ್ನ ಹೊಟ್ಟೆಯ ಮೇಲೆ ಇಟ್ಟು ಕೂತ. ಅತ್ತಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ನೋಡಿದಳು. ಆಮೇಲೆ ಅಂದಳು:

"ಹೊಟ್ಟಿ ಸೂಕ್ಷ್ಮ ಅದ. ನಾಳಿಂದ ಸಪ್ಪನ್ನದು ಮಾಡ್ತೀನಿ."

ಮರುದಿನದಿಂದ ಮಾವನ ಸಂಶೋಧನೆ ಶುರುವಾಯಿತು. ಮರಿಗೆ ಏನು ಹಾಕಬೇಕು? ದನದ ದವಾಖಾನೆಗೆ ಒಯ್ದರೆ ಡಾಕ್ಟರು ತಲೆ ಎತ್ತದೆ, ರೂಢಿಯ ಮೇಲೆ, "ಹಾಲೆಷ್ಟು ಕೊಡ್ತದ?" ಅಂದರಂತೆ. "ಕುಡೀತದ್ರಿ, ಕೊಡಂಗಿಲ್ಲ" ಎಂದು ಮಾವ ತಿರುಗಿ ಬಂದ. ಎಮ್ಮೆಯ ಹಾಲು ಮರಿಗೆ ಆಗಿಬರಲಿಲ್ಲ. ಆಡಿನ ಹಾಲು ಹಗುರ ಎಂದು ಯಾರೋ ಅಂದದ್ದೇ ತಡ, ಸೈಕಲ್ ಹತ್ತಿ ಯಾಪಲದಿನ್ನಿಗೆ ಹೊರಟ. ತಂಬಿಗೆ ತುಂಬ ಹಾಲು ಹಾಕಿಸಿಕೊಂಡು, ದಾರಿಯಲ್ಲಿ ಅಲ್ಲಲ್ಲಿ ನಿಂತು ನಮೂನೆ ನೋಡುತ್ತ ಬಂದ. ಮನೆ ಮುಟ್ಟಿದಾಗ ತಂಬಿಗೆಯಲ್ಲಿ ಉಳಿದದ್ದು ನೊರೆ!

ಅಕ್ಕಿಯ ಪರೀಕ್ಷೆಯಂತೂ ಬಜಾರಿಗೇ ಗೊತ್ತು. ಹೊಸ ಅಕ್ಕಿ ಜಡ, ಹಳೆಯದು ಹಗುರ. ಹೀಗಾಗಿ ಅಕ್ಕಿ ಅಂಗಡಿಯ ಚಾಚಾನ ಮುಂದೆ ಕೂತು ಚೀಲ ಚೀಲದ ನಡುವಿಗೆ ಕೈ ಹಾಕತೊಡಗಿದ.

"ಇಷ್ಟು ಸೋಸಾಕತ್ತೀರಲ್ಲ ಸಾಬ್, ಮನ್ಯಾಗ ಬಾಣಂತಿ ಅದಾರೇನು?" ಚಾಚಾ ಕೇಳಿದ.

"ನಾಯಿಮರಿ ಅದ."

ಚಾಚಾ ಎದ್ದು ಒಳಗಿನಿಂದ ಬೇರೆ ಚೀಲ ತಂದ. "ಅರೇ, ಮೊದಲ ಹೇಳಬಾರದಾ! ಮಂದಿಗಾದ್ರ ಯಾವುದಾದ್ರೂ ನಡೀತದ. ಮೂಕಪ್ರಾಣಿಗೆ ಹಳೇ ಮಾಲೇ ಒಯ್ರಿ." ಅಷ್ಟಕ್ಕೇ ಬಿಡದೆ, ಮಾಂಸ ಕುದಿಸಿ ಬಸಿದ ಯಖ್ನಿಯನ್ನು ಡಬ್ಬಿಯಲ್ಲಿ ಕಳಿಸಿಕೊಟ್ಟ. "ಕುಡಸ್ರಿ, ನಿಮ್ಮ ಬೆಕ್ಕಿನಂಥಾ ನಾಯಿ ಶೇರ್ ಆಗ್ತದ, ಹುಲಿ ಆಗ್ತದ!"

ನಮ್ಮದು ಮಾಂಸವಿರಲಿ, ಉಳ್ಳಾಗಡ್ಡಿ ಹೆಚ್ಚುವಾಗಲೂ ವಾರ ನೋಡುವ ಮನೆ. ನಮೂನೆ ನೋಡದೆ ಮರಿಗೆ ಹಾಕುವಂತಿಲ್ಲ, ನೋಡಿದರೆ ಕೆಟ್ಟೆವು! ಮಾವ ಡಬ್ಬಿಯನ್ನು ಅಂಗಳದ ತುದಿಗೆ ಒಯ್ದು, ಮೂಗು ಹತ್ತಿರ ಒಯ್ದು, ದೂರ ಒಯ್ದು, ಕೊನೆಗೆ ನನ್ನನ್ನು ಕರೆದ.

"ಏ ವಕೀಲವ್ವಾ, ಮೂಸಿದ್ರ ತಿಂದಂಗೇನು?"

"ಮನಸ್ಸಿನ್ಯಾಗ ಹೆಂಗ ಮೂಸಿದಿ ಅನ್ನೋದರ ಮ್ಯಾಲ ಅದ ಮಾವ."

"ಹಂಗಾದ್ರ ನೀ ಮೂಸು. ನಿನಗ ದೇವರ ಮ್ಯಾಲ ನಂಬಿಕಿ ಇಲ್ಲ."

ಶಕ್ತಿನಗರದಲ್ಲಿ ಕರೆಂಟಿನ ಕಾರ್ಖಾನೆ ಏಳುತ್ತಿದ್ದ ದಿನಗಳವು. ಅಲ್ಲಿನ ಎಂಜಿನಿಯರೊಬ್ಬರು ತಮ್ಮ ನಾಯಿಗೆಂದು ತರಿಸಿದ ಬಿಸ್ಕೀಟುಗಳಲ್ಲಿ ಒಂದು ಮುಷ್ಟಿ ಕೊಟ್ಟರು. ಮಾವನ ತೀರ್ಪು: "ನಾಯಿಗೆ ಗಟ್ಟಿ ಆಗ್ತದ. ಚಹಾಕ್ಕ ಚಲೋ ಅದ!"

ಕೊನೆಗೆ ಮರಿಗೂ ಮಾವನಿಗೂ ಏಕಕಾಲಕ್ಕೆ ಒಪ್ಪಿಗೆಯಾದದ್ದು ಅತ್ತಿ ಮಾಡಿದ ಜೋಳದ ನುಚ್ಚು. ಮೆತ್ತಗೆ ಕುದಿಸಿ, ಸಿಹಿ ಮಜ್ಜಿಗೆ ಬೆರೆಸಿ, ಚಿಟಿಕೆ ಉಪ್ಪು. ಒಂದು ದಿನ ಅದು, ಒಂದು ದಿನ ಹಳೆಯ ಅಕ್ಕಿಯ ಅನ್ನಕ್ಕೆ ಹೆಸರುಬೇಳೆಯ ಕಟ್ಟು. ಮಾವ ಬೋಗುಣಿಯ ನಡುವಿನಿಂದ ಒಂದು ಅಗುಳು ತೆಗೆದು ಬೆರಳಲ್ಲಿ ಹಿಚುಕಿ ನೋಡುತ್ತಿದ್ದ. ಆಮೇಲೆ ಒಂದು ಚಮಚ. ವಾರ ಕಳೆಯುವಷ್ಟರಲ್ಲಿ ಚಮಚ ಹೋಗಿ ಬಟ್ಟಲು ಬಂತು. ಬಟ್ಟಲು ಹೋಗಿ ತಾಟು ಬಂತು. ಕಡೆಕಡೆಗೆ ಮಾವ ಉಂಡು ಮರಿಗೆ ಉಳಿಸುತ್ತಿದ್ದದ್ದೇ ನಮೂನೆಯಷ್ಟು! ವಿಚಿತ್ರವೆಂದರೆ ಅತ್ತಿಯ ಬೋಗುಣಿಯೂ ಆ ಲೆಕ್ಕಕ್ಕೆ ಸರಿಯಾಗಿ ದೊಡ್ಡದಾಗುತ್ತ ಹೋಯಿತು. ಅಂಗೈಯಷ್ಟು ಮರಿಗೆ ಅಷ್ಟು ಯಾಕೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

ದೇವದುರ್ಗದಲ್ಲಿ ಮಾತ್ರ ಮಾವ ಜವಾಬು ಕೊಡಬೇಕಾಯಿತು. ಬೀಗರ ಮನೆಯ ಕಾರ್ಯಕ್ಕೆ ಮರಿಯನ್ನೂ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದ್ದೆವು. ಎಲೆಯ ಮುಂದೆ ಮಾವ ಕೂತ ಕೂಡಲೇ ಅವನ ಮಾವ, ಅಂದರೆ ಅತ್ತಿಯ ಅಪ್ಪ, ಮೀಸೆ ತಿರುವುತ್ತ ರಂಜಕದ ಭರಣಿಯೊಂದಿಗೆ ಬಂದರು. ಪಂಕ್ತಿಯೆಲ್ಲ ಕತ್ತು ಉದ್ದ ಮಾಡಿತು. ನಮ್ಮ ಮಾವ ಎಲೆಗೆ ಕೈ ಅಡ್ಡ ಹಿಡಿದ.

"ಈಗ ಬ್ಯಾಡ್ರಿ ಮಾವಾರ. ಮರಿಗೆ ನಾನೇ ಕೈಲೆ ಉಣಸಬೇಕು. ಖಾರದ ಕೈ ಅದರ ಬಾಯಿಗೆ ಹತ್ತಿದ್ರ ಗತಿ ಏನು? ಮರಿ ಇರೋ ತನಕ ನಾ ಖಾರ ಮುಟ್ಟಂಗಿಲ್ಲ."

ನನಗೆ ಚಪ್ಪಾಳೆ ತಟ್ಟುವಂತಾಯಿತು. ಇಂಥ ವಾದ ಯಾವ ಶೀಲ್ಡು ಗೆದ್ದವನ ಬಾಯಲ್ಲೂ ನಾನು ಕೇಳಿರಲಿಲ್ಲ! ಮುದುಕರು ಭರಣಿ ಕೆಳಗಿಟ್ಟು, ಕಣ್ಣೊರೆಸಿಕೊಂಡು, "ನೋಡ್ರಪಾ, ಖಾರಕ್ಕೂ ಹುಲಿ, ಕರುಣಾಕ್ಕೂ ಹುಲಿ" ಎಂದು ಸಾರಿದರು. ಮಹಾತ್ಮನ ಕಥೆ ಹುಟ್ಟಿದ್ದು ಅಲ್ಲಿ.

ಈಗ ನನ್ನ ಮುಖ್ಯ ಸಾಕ್ಷಿ. ಮರಿ ಬಲಿತು ಕುದುರೆಯಂತಾಗಿತ್ತು. ಆದರೂ ಮಾವ ಅದನ್ನು "ಮರಿ" ಎಂದೇ ಕರೆಯುತ್ತಿದ್ದ. ದೊಡ್ಡ ನಾಯಿಗೆ ಸೂಕ್ಷ್ಮ ಹೊಟ್ಟೆ ಇದೆ ಅಂದರೆ ಯಾರು ನಂಬುತ್ತಾರೆ? ಒಂದು ಸಂಜೆ ನಾನು ಕಟ್ಟೆಯ ಮೇಲೆ ಮಂಡಕ್ಕಿ ತಿನ್ನುತ್ತ ಕೂತಿದ್ದಾಗ ಈ ಮರಿ ನನ್ನ ಕೈಯ ಮಿರ್ಚಿ ಭಜಿಯನ್ನು ಎಗರಿಸಿ, ಒಳಗಿನ ಮೆಣಸಿನಕಾಯಿ ಸಮೇತ ನುಂಗಿತು! ನಾನು ಮರುದಿನವೆಲ್ಲ ಅದರ ಹಿಂದೆ ತಿರುಗಿದೆ. ಅದಕ್ಕೆ ಏನೂ ಆಗಲಿಲ್ಲ. ಇನ್ನೊಂದು ಇದೆಯೇ ಎಂದು ನನ್ನ ಕೈ ಮೂಸುತ್ತಿತ್ತು.

ನೇರ ಅಡುಗೆಮನೆಗೆ ಹೋದೆ. ಅತ್ತಿ ರೊಟ್ಟಿ ಬಡಿಯುತ್ತಿದ್ದಳು. ಪಡಸಾಲೆಯಲ್ಲಿ ಮಾವ ನುಚ್ಚು ಸುರಿಯುತ್ತಿದ್ದ ಸದ್ದು ಕೇಳುತ್ತಿತ್ತು.

"ಅತ್ತಿ, ಮರಿ ಹೊಟ್ಟಿಗೆ ಏನೂ ಆಗಿಲ್ಲ. ಇಡೀ ಮಿರ್ಚಿ ತಿಂದು ಕರಗಿಸಿಕೊಂಡದ! ನೀ ಸುಮ್ಮನ ದಿನಾ ಸಪ್ಪನ್ನದು..."

ರೊಟ್ಟಿಯ ಸದ್ದು ನಿಂತಿತು. ಪಡಸಾಲೆಯ ಸದ್ದೂ ನಿಂತಿತು.

"ಮೆಲ್ಲಕ ಮಾತಾಡು ಬೇ" ಎಂದು ಅತ್ತಿ ಹಲ್ಲು ಕಚ್ಚಿ ಅಂದಳು. ಆಮೇಲೆ ದನಿಯೇರಿಸಿ, ಗೋಡೆಯಾಚೆಗೂ ಕೇಳುವ ಹಾಗೆ, "ಅದರ ಹೊಟ್ಟಿ ಸೂಕ್ಷ್ಮ ಅದ ಅಂದ್ರ ಅದ! ನಾಕು ಭಾಷಣ ಮಾಡಿದಾಕಿಗೆ ನಾಯಿ ಹೊಟ್ಟಿ ಏನ್ ಗೊತ್ತು?"

ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು. ಪಡಸಾಲೆಯಲ್ಲಿ ನುಚ್ಚು ಸುರಿಯುವ ಸದ್ದೂ ಶುರುವಾಯಿತು. ಸಭೆಯಲ್ಲಿ ಗಂಟೆ ಬಾರಿಸಿದರೂ ನಿಲ್ಲಿಸದ ನಾನು ಆವತ್ತು ಬಾಯಿ ಮುಚ್ಚಿದೆ.

ವರ್ಷಗಳು ಹೋದವು. ನಾನು ಓದು ಮುಗಿಸಿ ಮಾನ್ವಿಗೆ ಬಂದೆ. ಒಂದು ಬೇಸಿಗೆ ರಾಯಚೂರಿಗೆ ಹೋದಾಗ ಮುದಿಯಾದ ಮರಿ ಹಿಂದಿನ ದಿನವಷ್ಟೇ ಹೋಗಿತ್ತು. ಮಾವ ಅದನ್ನು ಅಂಗಳದ ಬೇವಿನ ಬುಡದಲ್ಲಿ ಮಣ್ಣು ಮಾಡಿ, ಬಾಯಿಗೆ ನೀರು ಸಹ ಹಾಕದೆ ಕೂತಿದ್ದ. ಒಪ್ಪುತ್ತೇನೆ, ಇದು ನನ್ನ ವಾದಕ್ಕೆ ಬಿದ್ದ ಬಿರುಕು. ಬರೀ ನೆಪಕ್ಕೆ ಸಾಕಿದ ನಾಯಿಗಾಗಿ ಯಾರೂ ಹಾಗೆ ಕೂಡುವುದಿಲ್ಲ.

ಆವತ್ತೇ ದೇವದುರ್ಗದ ಬಸ್ಸಿನಲ್ಲಿ ಒಂದು ಭರಣಿ ಬಂತು. ಜೊತೆಗೆ ಮುದುಕರು ಹೇಳಿಕಳಿಸಿದ ಮಾತು: ಮರಿ ಹೋತಂತ, ಕೆಟ್ಟನಿಸ್ತು. ಅಳಿಯಂದ್ರ ವ್ರತ ಮುಗೀತಲ್ಲ, ಇನ್ನ ರಂಜಕ ಉಣ್ಣಲಿ.

ಮಧ್ಯಾಹ್ನ ಮಾವ ತಾಟಿನ ಮುಂದೆ ಕೂತ. ಭರಣಿಯನ್ನು ನೋಡಿದ. ಅವನ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. ಇನ್ನು ಅವನ ಮುಂದೆ ಮರಿಯಿಲ್ಲ, ನೆಪವೂ ಇಲ್ಲ. ಅತ್ತಿ ಬಂದಳು. ಭರಣಿ ಎತ್ತಿ ಗೋಡೆಯ ಮಾಡದ ಹಿಂದಿನ ಮೂಲೆಗೆ ತಳ್ಳಿದಳು. ಬೋಗುಣಿ ತಂದು ಅವನ ಮುಂದಿಟ್ಟಳು.

"ರೂಢಿ ಮ್ಯಾಲ ಇವತ್ತೂ ಮರೀದು ಮಾಡಿಬಿಟ್ಟೀನ್ರಿ. ನೆನಪಾ ಹಾರಿತು. ಅನ್ನ ಚೆಲ್ಲಬಾರದು, ಇವತ್ತೊಂದಿನ ನೀವೇ ಉಣ್ರಿ."

ಮಾವ ಬೋಗುಣಿಯ ನಡುವಿನಿಂದ ಒಂದು ಅಗುಳು ತೆಗೆದ. ಬೆರಳಲ್ಲಿ ಹಿಚುಕಿ, ತುಂಬ ಹೊತ್ತು ನೋಡಿದ. "ನಮೂನಿ ಚಲೋ ಅದ" ಅಂದ. ಬೋಗುಣಿ ಹತ್ತಿರ ಎಳೆದುಕೊಂಡ.

ನಾನು ಇದ್ದಷ್ಟು ದಿನವೂ ಅತ್ತಿ ಮರಿ ಸತ್ತದ್ದನ್ನು ಅಡುಗೆಯ ಹೊತ್ತಿಗೆ ಸರಿಯಾಗಿ ಮರೆಯುತ್ತಿದ್ದಳು. ಹೊರಡುವ ದಿನ ಅವಳು ಅದೇ ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ನಾನು ಚೀಲ ಕೆಳಗಿಟ್ಟು ಎದುರಿಗೆ ಕೂತೆ.

"ಅತ್ತಿ, ಒಂದು ಮಾತು. ಮರಿ ಬಂದ ದಿನ ಇಲ್ಲೇ ನಿಂತು ‘ಹೊಟ್ಟಿ ಸೂಕ್ಷ್ಮ ಅದ’ ಅಂದ್ಯಲ್ಲಾ, ಆಗ ನೀ ನೋಡಾಕತ್ತಿದ್ದು ಮರೀನ್ನೋ, ಮಾವನ್ನೋ?"