ಶ್! ಹಕ್ಕಿ ಹಾರ್ತದೆ

ನಗಬಾರದ ಜಾಗದಲ್ಲೇ ನಗು ಬರುವುದು ಮನುಷ್ಯನ ಸ್ವಭಾವ. ನಮ್ಮ ಮನೆಯಲ್ಲಿ ಇದಕ್ಕೆ ಭಾವನ ಕ್ಯಾಮೆರಾವೂ ಕೈಜೋಡಿಸಿದೆ. ಅದು ಬ್ಯಾಗಿನಿಂದ ಹೊರಗೆ ಬಂತು ಎಂದರೆ ಏನಾದರೊಂದು ಆಗಿಯೇ ತೀರುತ್ತದೆ, ಒಳ್ಳೆಯ ಫೋಟೋ ಒಂದನ್ನು ಬಿಟ್ಟು.

ಭಾವ ಎಂದರೆ ನನ್ನ ಗಂಡನ ಅಣ್ಣ. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಅವರ ಮನೆ. ಅಲ್ಲಿ ಕಾರು ನಿಲ್ಲಿಸಲು ಜಾಗ ಸಿಕ್ಕಿದವರು ಸ್ವಂತ ತಂಗಿಯ ಮದುವೆಗೂ ಟ್ಯಾಕ್ಸಿಯಲ್ಲೇ ಹೋಗುತ್ತಾರೆ. ಅಂಥ ಪಾರ್ಕಿಂಗನ್ನು ಭಾವ ಬಿಟ್ಟುಕೊಡುವುದು ಹಕ್ಕಿಗೆ ಮಾತ್ರ. ಚಳಿಗಾಲ ಬಂತೆಂದರೆ ಹಕ್ಕಿಗಳನ್ನೂ ಹಳೆಯ ತೋಟದ ಮನೆಗಳನ್ನೂ ಹುಡುಕಿಕೊಂಡು ಅಲ್ ಐನ್ ರಸ್ತೆ ಹಿಡಿಯುತ್ತಾರೆ.

ಅವರದು ಒಂದೇ ಆಸೆ. ನಮ್ಮ ಕನ್ನಡ ಸಂಘದವರು ಯುಗಾದಿಗೆ ಒಂದು ಕ್ಯಾಲೆಂಡರ್ ತರುತ್ತಾರೆ, ಅದಕ್ಕೆ ಸದಸ್ಯರು ತೆಗೆದ ಫೋಟೋಗಳನ್ನೇ ಹಾಕುತ್ತಾರೆ. ಅದರಲ್ಲಿ ತನ್ನದೊಂದು ಬರಬೇಕು. ಭಾವ ಪ್ರತಿ ವರ್ಷ ಕಳಿಸುತ್ತಾರೆ, ಸಂಘದವರು ಪ್ರತಿ ವರ್ಷ ಬೇಡ ಎನ್ನುತ್ತಾರೆ. ಒಮ್ಮೆ ರಾಜಹಂಸಗಳ ಫೋಟೋ ಕಳಿಸಿದಾಗ, "ಸೂರ್ಯಾಸ್ತ ಚೆನ್ನಾಗಿದೆ, ಆ ಗುಲಾಬಿ ಚುಕ್ಕೆಗಳು ಲೆನ್ಸಿನ ಧೂಳಾ?" ಎಂದು ಕೇಳಿದ್ದರು. ಇನ್ನೊಮ್ಮೆ ಹಕ್ಕಿ ಹಾರಿದ ಮೇಲೆ ಬಿದ್ದ ಫೋಟೋ ನೋಡಿ, "ಕೊಂಬೆ ಒಳ್ಳೆಯದುಂಟು" ಎಂದಿದ್ದರು. ಈ ಸಲದ್ದು ಮಾತ್ರ ತಮಾಷೆಯಲ್ಲ. ಭಾವನಿಗೆ ನಿವೃತ್ತಿ. ಏಪ್ರಿಲ್‌ಗೆ ವೀಸಾ ಖಲಾಸ್, ಆಮೇಲೆ ಉಡುಪಿಗೆ ವಾಪಸು. ಇದು ಕೊನೆಯ ಚಳಿಗಾಲ, ಕೊನೆಯ ಕ್ಯಾಲೆಂಡರ್.

"ಇಷ್ಟು ವರ್ಷ ಇಲ್ಲಿ ಇದ್ದದ್ದಕ್ಕೆ ಒಂದು ಗುರುತು ಬೇಡ್ವಾ ಮಾರಾಯ್ತಿ?" ಎಂದು ನನ್ನಲ್ಲಿ ಕೇಳಿದರು. ಗೇಲಿ ಮಾಡಲು ಬಾಯಿ ತೆರೆದವಳು, "ನಾವೂ ಬರ್ತೇವೆ" ಎಂದೆ.

ಹೀಗೆ ಜನವರಿಯ ಒಂದು ಶನಿವಾರ ಭಾವ, ನಾನು ಅಕ್ಕ ಎಂದು ಕರೆಯುವ ಅವರ ಹೆಂಡತಿ, ನನ್ನ ಗಂಡ ಮತ್ತು ನಾನು ಹೊರಟೆವು.

ಚಕ್ಕುಲಿ ನಿಷೇಧ

ಹೊರಡುವ ಮುಂಚೆಯೇ ನಿಯಮಗಳು ಬಂದವು. ಸೆಂಟು ಹಾಕಬಾರದು. ಕಣ್ಣಿಗೆ ಹೊಡೆಯುವ ಬಣ್ಣ ಉಡಬಾರದು. ಅಕ್ಕ ಆಸೆಯಿಂದ ತೆಗೆದಿಟ್ಟಿದ್ದ ಕೆಂಪು ಚೂಡಿದಾರ ಕಪಾಟಿಗೆ ವಾಪಸಾಗಿ, ಮಣ್ಣಿನ ಬಣ್ಣದ್ದೊಂದು ಹೊರಗೆ ಬಂತು. "ವರ್ಷಕ್ಕೊಮ್ಮೆ ತಿರುಗಾಟ, ಅದಕ್ಕೂ ಗೋಣಿಚೀಲ ಸುತ್ತಿಕೊಂಡು ಹೋಗ್ಬೇಕು" ಎಂದು ಅಕ್ಕ ಗೊಣಗಿದರು.

ಎಲ್ಲಕ್ಕಿಂತ ದೊಡ್ಡ ನಿಯಮ, ಮಾತಾಡಬಾರದು. ಯಾರು ಬಾಯಿ ತೆರೆದರೂ ಭಾವ ತುಟಿಗೆ ಬೆರಳಿಟ್ಟು, "ಶ್! ಹಕ್ಕಿ ಹಾರ್ತದೆ" ಎನ್ನುತ್ತಿದ್ದರು. ಇನ್ನೂ ಲಿಫ್ಟಿನೊಳಗೇ ಇದ್ದೆವು, ಹಕ್ಕಿ ಬಿಡಿ, ಸೊಳ್ಳೆಯೂ ಇರಲಿಲ್ಲ.

ಅಕ್ಕನ ಬುತ್ತಿಯನ್ನೂ ತಪಾಸಣೆ ಮಾಡಿದರು. ಮೆತ್ತಗಿನ ಅಕ್ಕಿ ಉಂಡೆ ಪುಂಡಿ ಪಾಸಾಯಿತು. ಚಕ್ಕುಲಿ ಫೇಲಾಯಿತು.

"ಚಕ್ಕುಲಿ ಎಂತ ಮಾಡಿತು ನಿಮಗೆ?" ಎಂದರು ಅಕ್ಕ.

"ಕಡಿಯುವಾಗ ಶಬ್ದ ಬರ್ತದೆ. ಡಬ್ಬ ನಾನೇ ಇಟ್ಟುಕೊಳ್ತೇನೆ."

ಊರಂಚಿನ ಮುಸಾಫಾ ದಾಟುವಷ್ಟರಲ್ಲಿ ಕಾರಿನೊಳಗೆ 'ಕಟಕ್' ಎಂದು ಕೇಳಿತು. ಮೂವರೂ ಒಬ್ಬರ ಬಾಯಿ ಒಬ್ಬರು ನೋಡಿದೆವು. ಎಲ್ಲರ ಬಾಯಿಯೂ ಖಾಲಿ. ಶಬ್ದ ಬಂದದ್ದು ಡ್ರೈವರ್ ಸೀಟಿನಿಂದ.

ಹೆದರದ ಹಕ್ಕಿ

ಹೆದ್ದಾರಿ ಬಿಟ್ಟು ತೋಟಗಳ ಕಡೆಗೆ ತಿರುಗಿದ ಸ್ವಲ್ಪ ಹೊತ್ತಿಗೆ ಭಾವ ಗಕ್ಕನೆ ಬ್ರೇಕ್ ಹಾಕಿದರು. ಸ್ವಲ್ಪ ದೂರದಲ್ಲಿ ಒಂದು ಗೂಟದ ಮೇಲೆ ದೊಡ್ಡ ಹಕ್ಕಿ ಕೂತಿತ್ತು. ಭಾವ ಕಾರಿನಿಂದ ಇಳಿದದ್ದು ಕಾಲಿನ ಮೇಲೆ, ಮುಂದೆ ಹೋದದ್ದು ಹೊಟ್ಟೆಯ ಮೇಲೆ. ಮರಳಲ್ಲಿ ಮೊಣಕೈ ಊರಿ ತೆವಳುತ್ತಾ, ಕ್ಲಿಕ್ಕಿಸುತ್ತಾ ಹೋದರು. ನಾವು ಬೆಕ್ಕಿನ ಹೆಜ್ಜೆ ಇಟ್ಟು ಹಿಂದೆ ಹೋದೆವು.

ಹಕ್ಕಿ ಮಿಸುಕಲಿಲ್ಲ.

"ಧೈರ್ಯ ನೋಡು ಅದರದ್ದು" ಎಂದು ಭಾವ ಪಿಸುಗುಟ್ಟಿದರು. "ಮನುಷ್ಯರು ಹತ್ರ ಬಂದ್ರೂ ಕ್ಯಾರೇ ಇಲ್ಲ. ತಲೆ ಪೂರಾ ಕಂದು. ಕಣ್ಣೇ ಕಾಣುದಿಲ್ಲ. ಇದು ಯಾರೂ ನೋಡದ ಜಾತಿ ಇರ್ಬೇಕು!"

"ಇವ್ರೇ, ಅದಕ್ಕೆ ಟೊಪ್ಪಿ—" ಎಂದರು ಅಕ್ಕ.

"ಶ್!"

ಅಷ್ಟರಲ್ಲಿ ಗೂಟದ ಆಚೆ ನಿಂತಿದ್ದ ಜೀಪಿನ ಬಾಗಿಲು ತೆರೆಯಿತು. ಬಿಳಿ ನಿಲುವಂಗಿ ಕಂದೂರಾ ಹಾಕಿದ ಅರಬಿಯೊಬ್ಬರು ಇಳಿದು, ಕೈಗೆ ದಪ್ಪ ಗ್ಲೌಸ್ ಹಾಕಿ, ಹಕ್ಕಿಯನ್ನು ಅದರ ಮೇಲೆ ಕೂರಿಸಿಕೊಂಡು, ಅದರ ತಲೆಯ ಮೇಲಿದ್ದ ಚರ್ಮದ ಟೊಪ್ಪಿಯನ್ನು ತೆಗೆದರು. ಅದು ಅವರು ಸಾಕಿದ ಬೇಟೆಯ ಗಿಡುಗ. ಗಲಾಟೆಗೆ ಬೆದರದಿರಲಿ ಎಂದು ಕಣ್ಣು ಮುಚ್ಚುವ ಟೊಪ್ಪಿ ಹಾಕಿ ಕೂರಿಸಿದ್ದರು. ಟೊಪ್ಪಿ ತೆಗೆದ ಕೂಡಲೇ ಅದರ ಕಣ್ಣಿಗೆ ಮೊದಲು ಬಿದ್ದದ್ದು ಮರಳಲ್ಲಿ ಬೋರಲು ಬಿದ್ದ ನಮ್ಮ ಭಾವ. ಅದು ಮುಖ ತಿರುಗಿಸಿಕೊಂಡಿತು.

ಭಾವ ಎದ್ದು ಹೊಟ್ಟೆಯ ಮರಳು ಕೊಡವಿಕೊಳ್ಳುತ್ತಾ, ಹಿಂದಿಯಲ್ಲಿ ಹಕ್ಕಿ ಫೋಟೋದ ಕತೆ, ಕ್ಯಾಲೆಂಡರಿನ ಕತೆ ಎಲ್ಲ ಹೇಳಿದರು. ಆ ಮನುಷ್ಯ ಗಂಭೀರವಾಗಿ ಕೇಳಿಸಿಕೊಂಡು, ಚೆಂದದ ಹಿಂದಿಯಲ್ಲಿಯೇ ಉತ್ತರ ಕೊಟ್ಟರು:

"ಹಾಗಾದರೆ ನನ್ನ ತೋಟಕ್ಕೆ ಬನ್ನಿ. ಅಲ್ಲಿ ಕಣ್ಣು ಬಿಟ್ಟ ಹಕ್ಕಿಗಳೂ ಇವೆ."

ನೀರಿನ ಮುಳ್ಳು

ತೋಟ ನೋಡಿದ್ದೇ ಭಾವನ ಕೈ ಕ್ಯಾಮೆರಾಕ್ಕೆ ಹೋಯಿತು. ಒಂದು ಕಡೆ ಖರ್ಜೂರದ ಮರಗಳು, ಅದರ ಅಂಚಿಗೆ ತೋಟದ ಯಜಮಾನರಾದ ಆ ಅರಬಿಯ ಅಜ್ಜ ಕಟ್ಟಿಸಿದ ಹಳೆಯ ಮಣ್ಣಿನ ಮನೆ, ಮುಂದೆ ದನಕ್ಕೆ ಮೇವು ಬೆಳೆಯುವ ದುಂಡಗಿನ ದೊಡ್ಡ ಹಸಿರು ಗದ್ದೆ. ಗದ್ದೆಯಲ್ಲಿ ನೀಲಕಂಠ, ಟಿಟ್ಟಿಭ, ಬೆಳ್ಳಕ್ಕಿ. ನಡುವೆ ತಲೆಯ ಮೇಲೆ ಬೀಸಣಿಗೆ ಬಿಚ್ಚಿಕೊಂಡು ಓಡಾಡುವ ಚಂದ್ರಮುಕುಟ.

ಈ ಚಂದ್ರಮುಕುಟವೇ ಭಾವನ ಹಗೆ. ಅಬುಧಾಬಿಯಲ್ಲಿ ಅದು ಯಾವ ಪಾರ್ಕಿಗೆ ಹೋದರೂ ಕಾಣುತ್ತದೆ. ಅಕ್ಕ ತರಕಾರಿ ತರಲು ಹೋದಾಗ ಮೊಬೈಲಿನಲ್ಲೇ ಹತ್ತಾರು ಫೋಟೋ ತೆಗೆದಿದ್ದಾರೆ. ಭಾವ ಕ್ಯಾಮೆರಾ ಎತ್ತಿದರೆ ಮಾತ್ರ ಅದಕ್ಕೆ ಎಲ್ಲಿಲ್ಲದ ಕೆಲಸ ನೆನಪಾಗುತ್ತದೆ.

ಅವರು ಗದ್ದೆಯೊಳಗೆ ಮಡಚುವ ಸ್ಟೂಲ್ ಹಾಕಿ ಕೂತು, ಮೈಮೇಲೆ ಹಸಿರು ಬಲೆ ಹೊದ್ದುಕೊಂಡರು. ನಮ್ಮನ್ನು ಅಂಚಿನಲ್ಲಿ ಕೂರಿಸಿ, "ಆಕಾಶ ಬಿದ್ರೂ ಶಬ್ದ ಮಾಡ್ಬಾರ್ದು" ಎಂದು ಅಪ್ಪಣೆ ಕೊಟ್ಟರು.

ಆ ಗದ್ದೆಗೆ ನೀರು ಹಾಯಿಸುವ ಕ್ರಮ ಬೇರೆ. ನಡುವಿನಿಂದ ಗದ್ದೆಯ ಅಂಚಿನವರೆಗೆ ಒಂದು ಉದ್ದದ ಪೈಪು, ಅದಕ್ಕೆ ಚಕ್ರಗಳು. ಗಡಿಯಾರದ ಮುಳ್ಳಿನ ಹಾಗೆ ನಿಧಾನಕ್ಕೆ ಸುತ್ತುತ್ತಾ ಕೆಳಗೆಲ್ಲ ನೀರು ಸುರಿಸುತ್ತಾ ಬರುತ್ತದೆ. ನಾವು ಬರುವಾಗ ಅದು ಆಚೆ ಕಡೆ ಇತ್ತು. ಈಗ ನೋಡಿದರೆ ಭಾವನ ಬೆನ್ನ ಹಿಂದೆ ಬರುತ್ತಾ ಇದೆ.

ಅಕ್ಕ ಎದ್ದು ನಿಂತರು. "ಇವ್ರೇ, ನಿಮ್ಮ ಹಿಂದೆ—"

ಬಲೆಯೊಳಗಿಂದ ಒಂದು ಕೈ ಹೊರಬಂತು. "ಶ್!"

ಅಕ್ಕ ಕೂತರು. ಬುತ್ತಿ ಬಿಚ್ಚಿ ನಮಗೆ ಪುಂಡಿ ಬಡಿಸಿದರು, ಚಟ್ನಿ ಹಾಕಿದರು. ನೀರು ಹತ್ತಿರ ಬಂತು. ನನ್ನ ಗಂಡನಿಗೆ ತಡೆಯಲಾಗಲಿಲ್ಲ. "ಹೇಳುವಾ ಅತ್ತಿಗೆ, ಪಾಪ."

"ಬೇಡ" ಎಂದರು ಅಕ್ಕ, ಇನ್ನೊಂದು ಪುಂಡಿ ಬಡಿಸುತ್ತಾ. "ಹಕ್ಕಿ ಹಾರ್ತದೆ."

ಮರುಕ್ಷಣ ಭಾವ ಹಾಕಿದ ಕೂಗಿಗೆ ಗದ್ದೆಯ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದು ಪಕ್ಕದ ತೋಟಕ್ಕೆ ಹೋದವು. ಕ್ಯಾಮೆರಾವನ್ನು ಹಸುಗೂಸಿನ ಹಾಗೆ ಎದೆಗೆ ಅವಚಿಕೊಂಡು, ತೊಪ್ಪೆಯಾಗಿ ಓಡಿ ಬಂದ ಗಂಡನ ಕೈಗೆ ಟವೆಲ್ ಕೊಡುತ್ತಾ ಅಕ್ಕ ಮೆತ್ತಗೆ ಕೇಳಿದರು:

"ಈಗ ಶಬ್ದ ಮಾಡಿದ್ದು ಯಾರು?"

ನಡುಗುವ ಕೈ

ಒಳ್ಳೆಯ ಗಾಳಿ, ಒಳ್ಳೆಯ ಚಳಿ. ಕ್ಯಾಮೆರಾ ಬಚಾವಾಗಿತ್ತು, ಭಾವ ಆಗಿರಲಿಲ್ಲ. ಹಳೆಯ ಮಣ್ಣಿನ ಮನೆಯ ಹಿಂದೆ ಹೋಗಿ ಬಟ್ಟೆ ಬಿಚ್ಚಿ, ನಾವು ಕೂರಲು ತಂದ ಹೂವಿನ ಬೆಡ್‌ಶೀಟನ್ನು ಲುಂಗಿಯ ಹಾಗೆ ಸುತ್ತಿ, ಟವೆಲ್ ಹೊದ್ದುಕೊಂಡು ಬಂದರು. ಅಕ್ಕ ಒಣಹಾಕಿದ ಅಂಗಿ, ಪ್ಯಾಂಟು ಖರ್ಜೂರದ ಗರಿಯ ಮೇಲೆ. ಬಿಸಿಲು ಚೆನ್ನಾಗಿ ಬೀಳುತ್ತಿದ್ದ ಮೋಟುಗೋಡೆಯ ಮೇಲೆ ಅವರ ಪಟ್ಟಾಪಟ್ಟಿ ಚಡ್ಡಿ.

ಆ ಚಡ್ಡಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಊರಿನ ದರ್ಜಿ ಹೊಲಿದದ್ದು. ಕಪ್ಪು ಬಿಳಿ ಪಟ್ಟೆ, ಹಿಂದೆ ಅಕ್ಕ ಹಾಕಿದ ಕೆಂಪು ತೇಪೆ. ಊರಿಗೆ ಹೋದಾಗೆಲ್ಲ ಅದು ಜೊತೆಗೆ ಹೋಗಿ, ಜೊತೆಗೇ ವಾಪಸು ಬರುತ್ತದೆ. "ಬಿಸಾಡಿ ಅದನ್ನು" ಎಂದು ಅಕ್ಕ ಹೇಳುವುದು, "ಇದರಷ್ಟು ಗಾಳಿಯಾಡುವುದು ದುಬೈಯ ಯಾವ ಮಾಲ್‌ನಲ್ಲಿ ಸಿಗ್ತದೆ?" ಎಂದು ಭಾವ ಕೇಳುವುದು, ಇದು ಆ ಮನೆಯ ನಿತ್ಯಪೂಜೆ.

ಅಷ್ಟರಲ್ಲಿ ಗಹ್ವಾ, ಅಂದರೆ ಅರಬಿ ಕಾಫಿ, ಕುಡಿಯಲು ಬನ್ನಿ ಎಂದು ತೋಟದ ಯಜಮಾನರ ಕರೆ ಬಂತು. ಇಲ್ಲಿ ಆ ಕರೆಗೆ ಇಲ್ಲ ಎನ್ನುವ ಹಾಗಿಲ್ಲ. ಹೊಸಿಲಲ್ಲಿ ಭಾವ ನಮಗೆ ಪಾಠ ಮಾಡಿದರು: "ಹಿಡಿ ಇಲ್ಲದ ಸಣ್ಣ ಕಪ್ಪಿನಲ್ಲಿ ಕೊಡ್ತಾರೆ. ಕಪ್ಪು ಮುಂದೆ ಹಿಡಿದಷ್ಟು ಸಲ ಹಾಕ್ತಾರೆ. ಸಾಕಾದ್ರೆ ಅಲ್ಲಾಡಿಸ್ಬೇಕು. ನೆನಪಿರ್ಲಿ."

ಬಿಸಿಬಿಸಿ ಗಹ್ವಾ ಬಂತು. ಭಾವ ಒಂದೇ ಗುಟುಕಿಗೆ ಮುಗಿಸಿ, ಇನ್ನಷ್ಟು ಬೇಕೆಂದು ಕಪ್ಪು ಮುಂದೆ ಹಿಡಿದರು. ಚಳಿಗೆ ಕೈ ಗಡಗಡ ನಡುಗುತ್ತಿತ್ತು. ಹಾಕುವವನು ವಿನಯದಿಂದ ತಲೆಬಾಗಿ ಕಪ್ಪನ್ನು ತೆಗೆದುಕೊಂಡು ಹೋದ.

ನಾವು ಮೂವರು ಕುಡಿದೆವು, ಮತ್ತೆ ಹಾಕಿಸಿಕೊಂಡೆವು, ಖರ್ಜೂರ ತಿಂದೆವು. ಭಾವ ಕೇಳಿದಾಗ ಮತ್ತೆ ಒಂದು ಗುಟುಕು ಸಿಕ್ಕಿತು, ಮತ್ತೆ ಕೈ ನಡುಗಿತು, ಮತ್ತೆ ಕಪ್ಪು ಹೋಯಿತು. ಕೊನೆಗೆ ಅವರು ಹಟ ಹಿಡಿದು ಕಪ್ಪನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಎದ್ದೇ ನಿಂತರು. ಕಪ್ಪು ಅಲ್ಲಾಡಲಿಲ್ಲ, ನಿಜ. ಆದರೆ ಬೆಡ್‌ಶೀಟನ್ನು ಹಿಡಿಯಲು ಕೈ ಉಳಿದಿರಲಿಲ್ಲ.

ಅಕ್ಕ ಬಾಯಲ್ಲಿದ್ದ ಖರ್ಜೂರವನ್ನೂ ಬಿಡದೆ, ಎಡಗೈಯಲ್ಲಿ ಗಂಟನ್ನು ಗಬಕ್ಕನೆ ಹಿಡಿದರು. ಯಜಮಾನರು ಮೇಲಿನ ಫ್ಯಾನನ್ನೇ ನೋಡುತ್ತಾ, ಮುಖದ ಒಂದು ಗೆರೆಯೂ ಅಲ್ಲಾಡದ ಹಾಗೆ ಹೇಳಿದರು:

"ಇವರಿಗೆ ಕಪ್ಪು ಬೇಡ. ಪೂರ್ತಿ ಥರ್ಮಾಸ್ ಕೊಟ್ಟುಬಿಡಿ."

ಗೋಡೆಯ ಮೇಲಿನ ಚಂದ್ರಮುಕುಟ

ಹೊರಗೆ ಬರುವಾಗ ಬಿಸಿಲು ಇಳಿದು, ಹಳೆಯ ಮಣ್ಣಿನ ಗೋಡೆ ಬಂಗಾರದ ಬಣ್ಣಕ್ಕೆ ತಿರುಗಿತ್ತು. ಭಾವ ನಿಂತಲ್ಲೇ ಕಲ್ಲಾದರು. ಗೋಡೆಯ ಮೇಲೆ ಚಂದ್ರಮುಕುಟ ಕೂತಿತ್ತು. ಬೀಸಣಿಗೆ ಪೂರ್ತಿ ಬಿಚ್ಚಿತ್ತು.

ಅದು ಕೂತದ್ದು ಚಡ್ಡಿಯ ಮೇಲೆ.

ಭಾವ ಕನ್ನಡಕ ತೆಗೆದು ಟವೆಲಿಗೆ ಸಿಕ್ಕಿಸಿ, ಕ್ಯಾಮೆರಾಕ್ಕೆ ಕಣ್ಣಿಟ್ಟರು.

"ಇವ್ರೇ, ಅದು ನಿಮ್ಮ—"

"ಶ್!"

ನಾನು ದುಪಟ್ಟಾ ಬಾಯಿಗೆ ತುರುಕಿಕೊಂಡೆ. ನನ್ನ ಗಂಡ ಒಂದು ಖರ್ಜೂರದ ಮರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಹಕ್ಕಿ ಆ ಕಡೆ ತಿರುಗಿತು, ಈ ಕಡೆ ತಿರುಗಿತು, ಮದುಮಗಳ ಹಾಗೆ ನಿಂತು ಫೋಟೋ ತೆಗೆಸಿಕೊಂಡಿತು. ಆಮೇಲೆ ಹಾರಿತು.

ಭಾವ ತಿರುಗಿದಾಗ ಅವರ ಕಣ್ಣು ಒದ್ದೆಯಾಗಿತ್ತು. "ಸಿಕ್ಕಿತು" ಎಂದರು. ಅಷ್ಟೇ. ಕ್ಯಾಮೆರಾ ಇಳಿಸಿ, "ನೀನು ಎಂತ ಹೇಳ್ಲಿಕ್ಕೆ ಹೊರಟದ್ದು?" ಎಂದು ಅಕ್ಕನನ್ನು ಕೇಳಿದರು.

ಅಕ್ಕ ಗಂಡನ ಮುಖ ನೋಡಿದರು. ಹೂವಿನ ಬೆಡ್‌ಶೀಟ್ ಉಟ್ಟು ನಿಂತ ಆ ಮನುಷ್ಯ ಅಷ್ಟು ಸಂತೋಷವಾಗಿದ್ದದ್ದನ್ನು ನಾನಂತೂ ಯಾವತ್ತೂ ನೋಡಿರಲಿಲ್ಲ. ನಗು ಎಲ್ಲಿ ಹೋಯಿತೋ, ಬಾಯಿಂದ ದುಪಟ್ಟಾ ತೆಗೆದೆ.

"ಏನಿಲ್ಲ" ಎಂದರು ಅಕ್ಕ. "ಬಟ್ಟೆ ಒಣಗಿರ್ಬೇಕು ಅಂತ." ತಾವೇ ಹೋಗಿ ಗೋಡೆಯ ಮೇಲಿನದ್ದನ್ನೂ ಸೇರಿಸಿ ಎಲ್ಲ ಬಾಚಿಕೊಂಡು ಬಂದರು.

ಯುಗಾದಿ

ಫೋಟೋ ತೆಗೆಯುವವರಿಗೆ ಒಂದು ಚಟ ಉಂಟು. ಹಕ್ಕಿಯ ಕಣ್ಣು ಸ್ಪಷ್ಟವಾಗಿ ಬಂದಿದೆಯೇ ಎಂದು ಅದೊಂದನ್ನೇ ದೊಡ್ಡದು ಮಾಡಿ ಮಾಡಿ ನೋಡುತ್ತಾರೆ. ಭಾವ ಮನೆಗೆ ಬಂದು ಅದನ್ನೇ ಮಾಡಿದರು. ಕಣ್ಣು ಸೂಜಿಯಷ್ಟು ಚೂಪಾಗಿತ್ತು. ಕೆಳಗೆ ಏನೋ ಬಟ್ಟೆ, ತೋಟದ ಕೆಲಸದವರದ್ದು ಇರಬೇಕು ಎಂದುಕೊಂಡು ಕಳಿಸಿಯೇ ಬಿಟ್ಟರು.

ಆಯ್ಕೆಯಾಯಿತು. ಅದೂ ಕ್ಯಾಲೆಂಡರಿನ ಮೊದಲ ಪುಟಕ್ಕೆ!

ಯುಗಾದಿ ಕಾರ್ಯಕ್ರಮದ ದಿನ ಭಾವ ಹೊಸ ಪಂಚೆ ಉಟ್ಟು ವೇದಿಕೆಯಲ್ಲಿ ಕೂತಿದ್ದರು. ಅಕ್ಕ ಮುಂದಿನ ಸಾಲಿನಲ್ಲಿ, ಕೊನೆಗೂ ಕೆಂಪು ಸೀರೆಯಲ್ಲಿ. ಹಿಂದಿನ ಪರದೆಯ ಮೇಲೆ ಫೋಟೋ ಮೂಡಿತು. ಹಕ್ಕಿ ಆಳೆತ್ತರ, ಚಡ್ಡಿ ಅದಕ್ಕಿಂತ ದೊಡ್ಡದು. ಹಕ್ಕಿಯ ರೆಕ್ಕೆಯ ಕಪ್ಪು ಬಿಳಿ ಪಟ್ಟೆಗೂ ಬಟ್ಟೆಯ ಕಪ್ಪು ಬಿಳಿ ಪಟ್ಟೆಗೂ ಎಂಥ ಹೊಂದಾಣಿಕೆ ಎಂದು ನಿರೂಪಕರು ಕೊಂಡಾಡಿದರು. ಭಾವ ತಿರುಗಿ ನೋಡಿದರು. ಕೆಂಪು ತೇಪೆ ಬಾವುಟದ ಹಾಗೆ ಹೊಳೆಯುತ್ತಿತ್ತು. ಅವರ ಮುಖದ ಬಣ್ಣ ಇಳಿದುಹೋಯಿತು.

ಅಕ್ಕ ನನ್ನ ಕಿವಿಯಲ್ಲಿ, "ಬಿಸಾಡಿ ಅಂದ್ರೆ ಕೇಳ್ಲಿಲ್ಲ. ಈಗ ವರ್ಷವಿಡೀ ಎಲ್ಲರ ಮನೆಯಲ್ಲೂ ನೇತಾಡ್ತದೆ" ಎಂದರು.

ಮುಖ್ಯ ಅತಿಥಿಗಳು ಮಾತಿಗೆ ನಿಂತರು. "ಹಕ್ಕಿಯ ಫೋಟೋ ಯಾರಾದರೂ ತೆಗೆದಾರು. ಆದರೆ ಈ ಬಟ್ಟೆ ನೋಡಿ! ಎಷ್ಟು ಸವೆದಿದೆ, ಎಲ್ಲಿ ತೇಪೆ ಬಿದ್ದಿದೆ! ಯಾವನೋ ಬಡ ಕೂಲಿಯ ಬೆವರು ಇದರಲ್ಲಿದೆ. ಅವನಿಗೆ ಹೊಸದೊಂದನ್ನು ಕೊಳ್ಳುವ ಶಕ್ತಿಯಿಲ್ಲ. ಆ ನೋವನ್ನು ಕಂಡ ಕಣ್ಣು ಇವರದು!"

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿ ಒಬ್ಬರು ಕಣ್ಣೊರೆಸಿಕೊಂಡರು. ಭಾವನಿಗೆ ಶಾಲು ಹೊದಿಸಿ, ಕೈಗೆ ಮೈಕು ಕೊಟ್ಟರು.

ಭಾವ ಹುಟ್ಟಾ ಸತ್ಯವಂತರು, ಸುಳ್ಳು ಹೇಳಲು ಬಾರದು. ಮೈಕನ್ನು ಗಹ್ವಾದ ಕಪ್ಪಿನ ಹಾಗೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದರು. "ಎಲ್ಲರಿಗೂ ನಮಸ್ಕಾರ" ಎಂದರು. ಬೆವರು ಒರೆಸಿಕೊಂಡರು. "ನಿಜ ಹೇಳ್ಬೇಕಾದ್ರೆ... ಆ ಬಟ್ಟೆ... ಅದು ಕೂಲಿಯವನದ್ದಲ್ಲ, ಅದು..."

ಮುಂದಿನ ಸಾಲಿನಲ್ಲಿ ಕೆಂಪು ಸೀರೆ ಎದ್ದು ನಿಂತಿತು. ಅಕ್ಕ ತುಟಿಗೆ ಬೆರಳಿಟ್ಟರು.

"ಶ್! ಹಕ್ಕಿ ಹಾರ್ತದೆ!"